ಬೈಲಕುಪ್ಪೆಯ ಮಠದ ಲೈಬ್ರರಿ: 4 ವರ್ಷ ಓಡಾಡಿದ ಮೇಲೆ

ಜಗಳದಿಂದಲೇ ಶುರು ಮಾಡುತ್ತೇನೆ. ಇಲ್ಲಿ ಕಂಪ್ಯೂಟರಿನಲ್ಲಿ ಪುಸ್ತಕ ಹುಡುಕುವುದು ಶಿಕ್ಷೆ.

ಕಟ್ಟಡ, ಚಿನ್ನದ ಬಣ್ಣದ ಬುದ್ಧ ಎಲ್ಲ ಫೋಟೋದಲ್ಲಿ ನೋಡಿಯೇ ಇರುತ್ತೀರಿ, ಬಿಡಿ. ಯಾವ ಮಠ ಅಂತಲೂ ಹೇಳುವುದಿಲ್ಲ. ನನಗೆ ಬೇಕಿದ್ದದ್ದು ಬೌದ್ಧ ಪಂಡಿತ ದಿಙ್ನಾಗನ ತರ್ಕಗ್ರಂಥ, ಪ್ರಮಾಣಸಮುಚ್ಚಯ. ಅದರ ಮೂಲ ಸಂಸ್ಕೃತ ಪೂರ್ತಿಯಾಗಿ ಉಳಿದಿಲ್ಲ, ತಿಬೆಟನ್ ಅನುವಾದವೇ ಗತಿ. ತಿಬೆಟನ್ನರು ಅದಕ್ಕೆ 'ತ್ಸೆಮಾ ಕುನ್ಲೆ ತೂಪಾ' ಎನ್ನುತ್ತಾರೆ. ಹಾಗೇ ಟೈಪ್ ಮಾಡಿದೆ, ಏನೂ ಸಿಗಲಿಲ್ಲ. ಹತ್ತು ಥರ ಮಾಡಿದೆ, ಉಹ್ಞೂಂ. ಆಮೇಲೆ ಗೊತ್ತಾಯಿತು, ತಿಬೆಟನ್ನಿನಲ್ಲಿ ಬರೆಯುವುದೊಂದು, ಓದುವುದೊಂದು. ಅದರ ಕಾಗುಣಿತ 'ತ್ಸದ್ ಮ ಕುನ್ ಲಸ್ ಬ್ತುಸ್ ಪ', ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೂ ಆ ಕಾಗುಣಿತದಲ್ಲೇ ಹೊಡೆಯಬೇಕು! ಇದಕ್ಕೆ ವೈಲಿ ಪದ್ಧತಿ ಅಂತ ಹೆಸರು, 1959ರಿಂದ ಇದೆ. ಮುಂಡಗೋಡಿನ ಡ್ರೆಪುಂಗ್ ಮಠ ಗೊತ್ತಲ್ವಾ, ಅದನ್ನೂ 'ಬ್ರಸ್ ಸ್ಪುಂಗ್ಸ್' ಅಂತ ಬರೆಯುತ್ತಾರಂತೆ. ಅಂದ ಹಾಗೇ ಬರೆದು ಬೆಳೆದ ನಮಗೆ ಇದು ತಲೆಗೆ ಹತ್ತುವುದು ಕಷ್ಟ. ಒಂದು ಚೀಟಿಯಲ್ಲಿ ಬರೆದು ಆ ಕಂಪ್ಯೂಟರಿನ ಪಕ್ಕ ಅಂಟಿಸಿದ್ದರೆ ನನ್ನ ಎರಡು ತಿಂಗಳು ಉಳಿಯುತ್ತಿತ್ತು.

ಕೊನೆಗೆ ದಾರಿ ತೋರಿಸಿದ್ದು ಅಲ್ಲಿ ಕೂರುವ ವಯಸ್ಸಾದ ಭಿಕ್ಷು, ಎಲ್ಲರೂ 'ಗೆನ್ ಲಾ' ಅನ್ನುತ್ತಾರೆ, ಅಂದರೆ ಮೇಷ್ಟ್ರೇ. "ಹೆಸರು ಬಿಡಿ ಅಕ್ಕ, ತೋಹೋಕು ನಂಬರ್ ಹೇಳಿ" ಅಂದರು. ಜಪಾನಿನ ತೋಹೋಕು ವಿಶ್ವವಿದ್ಯಾಲಯ 1934ರಲ್ಲಿ ದೆರ್ಗೆ ಎಂಬ ತಿಬೆಟನ್ ಊರಿನಲ್ಲಿ ಅಚ್ಚಾದ ಬೌದ್ಧ ಅನುವಾದ ಗ್ರಂಥಗಳ ಸಂಗ್ರಹಕ್ಕೆಲ್ಲ ನಂಬರ್ ಹಾಕಿಟ್ಟಿದೆ. ನನ್ನದು 4203, ಅದಕ್ಕೆ ದಿಙ್ನಾಗನೇ ಬರೆದ ವಿವರಣೆ 4204. ಎರಡೇ ನಿಮಿಷದಲ್ಲಿ ಮೇಜಿನ ಮೇಲಿತ್ತು. ಆದರೆ ತಿಬೆಟಿನ ಪಂಡಿತರೇ ಬರೆದ ವ್ಯಾಖ್ಯಾನ ಬೇಕಾದರೆ ಈ ಪಟ್ಟಿ ಕೆಲಸಕ್ಕೆ ಬರುವುದಿಲ್ಲ, ಮತ್ತೆ ಅದೇ ಕಾಗುಣಿತಕ್ಕೆ ಬೀಳಬೇಕು.

ಇನ್ನು ಪುಸ್ತಕ ಬಿಚ್ಚುವ ಸುಖ. ಪೇಚಾ ಅಂದರೆ ನಮ್ಮ ತಾಳೆಗರಿ ಕಟ್ಟಿನ ಹಾಗೆ ಉದ್ದನೆಯ ಬಿಡಿ ಹಾಳೆಗಳು, ಬಟ್ಟೆಯಲ್ಲಿ ಸುತ್ತಿರುತ್ತಾರೆ. ಕೈ ತೊಳೆದು, ಗಂಟು ಬಿಚ್ಚಿ, ಬಟ್ಟೆಯ ಒಂದೊಂದೇ ಮಡಿಕೆ ತೆಗೆಯಬೇಕು. ಮೊದಲು ಹಣೆಗೆ ಮುಟ್ಟಿಸುತ್ತಾರೆ, ನಾವು ಪುಸ್ತಕ ಕಾಲಿಗೆ ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುತ್ತೇವಲ್ಲ, ಹಾಗೆ. ಓದಿದ ಹಾಳೆಯನ್ನು ಮಗುಚಿ ಆಚೆ ಇಡಬೇಕು. ಪುಟ ಸಂಖ್ಯೆ ಎಡ ಅಂಚಿನಲ್ಲಿ ಅಕ್ಷರದಲ್ಲಿ ಇರುತ್ತದೆ. ಹಾಳೆ ದಾರದಲ್ಲಿ ಪೋಣಿಸಿಲ್ಲ, ಹಾಗಾಗಿ ಫ್ಯಾನ್ ಹಾಕಲು ನನಗೆ ಈಗಲೂ ಭಯ.

ಮನೆಗೆ ಪುಸ್ತಕ ಕೊಡುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಗೆ ಭಿಕ್ಷುಗಳಿಗೆ ಸೋಜೊಂಗ್ ವ್ರತ, ಬಾಗಿಲು ಹಾಕಿರುತ್ತದೆ. ಹಾಗಾಗಿ ಗೋಡೆ ಕ್ಯಾಲೆಂಡರ್ ನೋಡಿಯೇ ಮೈಸೂರು ಬಿಡುತ್ತೇನೆ. ಲೋಸಾರ್ ಹೊಸವರ್ಷದ ವಾರ ಸುಮ್ನೆ ಹೋಗಬೇಡಿ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೆ ಬಸ್ ಖರ್ಚಿಲ್ಲ, ಆಟೋ ಮತ್ತು ಒಂದು ಬಟ್ಟಲು ಥುಕ್ಪಾ (ನೂಡಲ್ಸ್ ಸೂಪು) ಅಷ್ಟೇ. ಟಿಕೆಟ್ ಕೊಟ್ಟು ಹೋಗುವಾಗ ಈ ಲೈಬ್ರರಿಗೆ ಇಷ್ಟು ಒಳ್ಳೆ ಮಾತು ಆಡುತ್ತಿರಲಿಲ್ಲವೇನೋ.

ಸಂಜೆಯಾದರೆ ಹೊರಗೆ ಹುಡುಗ ಭಿಕ್ಷುಗಳ ತರ್ಕದ ವಾದ ಶುರು. ಒಬ್ಬ ನಿಂತು ಚಟ್ ಅಂತ ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ, ಕೂತವನು ಉತ್ತರ ಕೊಡಬೇಕು. ಆಗ ಓದು ಸಾಗುವುದಿಲ್ಲ. ನಾನು ಬಟ್ಟೆ ಸುತ್ತಲು ಶುರು ಮಾಡುತ್ತೇನೆ. ನಾನು ಹಾಕಿದ ಗಂಟನ್ನು ಗೆನ್ ಲಾ ಇವತ್ತಿಗೂ ಬಿಚ್ಚಿ ತಾವೇ ಇನ್ನೊಮ್ಮೆ ಹಾಕುತ್ತಾರೆ.