ಲುವಾರ್ ದಂಡೆ, ಸೊಲೋನ್ ಕಾಡು, ಡೋರ್ಡೋನ್ ಗುಡ್ಡ: ರೋಡ್ ಬೈಕ್‌ಗೆ ಯಾವುದು?

ಫ್ರಾನ್ಸ್‌ನಲ್ಲಿ ಸೈಕಲ್ ಹೊಡೆಯುತ್ತಾ ಕೋಟೆ, ಅರಮನೆ ನೋಡಬೇಕು, ಎಲ್ಲಿಗೆ ಹೋಗಲಿ ಅಂತ ಕೇಳಿದರೆ ಎಲ್ಲರೂ ಕೊಡುವ ಉತ್ತರ ಒಂದೇ. ಲುವಾರ್ ಕಣಿವೆ. ತಪ್ಪೇನಿಲ್ಲ. ಆದರೆ ಕೇಳಿದವರ ಕೈಯಲ್ಲಿರುವುದು ಸಣ್ಣ ಟೈರಿನ ರೋಡ್ ಬೈಕೋ, ಎರಡೂ ಪಕ್ಕ ಬ್ಯಾಗ್ ತೂಗುಹಾಕಿದ ಸೈಕಲ್ಲೋ, ಮಕ್ಕಳೂ ಜೊತೆಗಿದ್ದಾರಾ ಅಂತ ಯಾರೂ ವಿಚಾರಿಸುವುದಿಲ್ಲ. ಉತ್ತರ ಬದಲಾಗುವುದು ಅಲ್ಲೇ.

ನಾನು ಮೂರು ಕಡೆ ಓಡಿಸಿ ನೋಡಿದ್ದೇನೆ. ಒಂದು, ಲುವಾರ್ ನದಿ ಪಕ್ಕದಲ್ಲೇ ಸಾಗುವ ಪ್ರಸಿದ್ಧ ಸೈಕಲ್ ದಾರಿ. ಎರಡು, ಅದೇ ನದಿಯ ದಕ್ಷಿಣಕ್ಕೆ ಹಬ್ಬಿರುವ ಸೊಲೋನ್ ಕಾಡು. ಮೂರು, ಇನ್ನೂ ಕೆಳಗೆ, ನೈರುತ್ಯ ಫ್ರಾನ್ಸ್‌ನ ಡೋರ್ಡೋನ್ ಕಣಿವೆ. ಮೂರಕ್ಕೂ 28 ಮಿ.ಮೀ. ಟೈರಿನ ರೋಡ್ ಬೈಕ್. ನಾನು ಅಳೆದದ್ದು ವೇಗದಿಂದಲ್ಲ. ಬಸ್ಸಿನಲ್ಲಿ ಹೋದರೂ ಅರಮನೆ ಅದೇ, ಟಿಕೆಟ್ಟೂ ಅದೇ. ಕಾಲು ನೋಯಿಸಿಕೊಂಡು ಹೋದವರಿಗೆ ಏನಾದರೂ ಜಾಸ್ತಿ ಸಿಗಬೇಕಲ್ವಾ? ಈ ಕೋಟೆ ಯಾಕೆ ಇಲ್ಲೇ ಇದೆ ಅನ್ನುವುದು ಪೆಡಲ್ ತುಳಿಯುವಾಗಲೇ ಗೊತ್ತಾಗಬೇಕು. ಗೊತ್ತಾದರೆ ಆ ದಾರಿ ಗೆದ್ದಿತು.

ಮೊದಲು ರಸ್ತೆ

ಲುವಾರ್ ಸೈಕಲ್ ದಾರಿ ಸುಮಾರು 900 ಕಿ.ಮೀ. ಉದ್ದ. ನೆವೇರ್ ಊರಿನ ಹತ್ತಿರ ಶುರುವಾಗಿ ಅಟ್ಲಾಂಟಿಕ್ ಕಡಲಿಗೆ ಮುಟ್ಟುತ್ತದೆ. ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗೆ ಹೋಗುವ ಯೂರೋವೆಲೋ 6 ಅನ್ನುವ ಉದ್ದನೆ ಸೈಕಲ್ ಮಾರ್ಗದ ಒಂದು ತುಂಡು ಇದು. ಎಲ್ಲಾ ಕಡೆ ಬೋರ್ಡು ಹಾಕಿದ್ದಾರೆ, ಮ್ಯಾಪ್ ತೆಗೆಯುವ ಕೆಲಸವೇ ಬೀಳುವುದಿಲ್ಲ. ಏರು ಅನ್ನುವುದು ಹೆಚ್ಚುಕಡಿಮೆ ಇಲ್ಲ. ಬಹಳಷ್ಟು ಕಡೆ ಪ್ರವಾಹ ತಡೆಯಲು ಕಟ್ಟಿದ ಹಳೇ ಏರಿಯ ಮೇಲೆಯೇ ದಾರಿ. ನಮ್ಮ ಕೆರೆ ಏರಿ ಮೇಲೆ ಹೋದ ಹಾಗೆ, ಒಂದು ಪಕ್ಕ ನೀರು, ಇನ್ನೊಂದು ಪಕ್ಕ ತಗ್ಗಿನಲ್ಲಿ ಊರಿನ ಮಾಡುಗಳು. ನೀರಿನ ಮಧ್ಯೆ ಮರಳ ದಿಬ್ಬಗಳು, ಅದರ ಮೇಲೆ ಹಕ್ಕಿಗಳು. ನೋಡಲು ಚೆಂದವೇ.

ಆದರೆ ರೋಡ್ ಬೈಕ್‌ನವರಿಗೆ ಕಿರಿಕಿರಿ. ಒಳ್ಳೆ ಡಾಂಬರು ಸಿಕ್ಕಿತು ಅನ್ನುವಷ್ಟರಲ್ಲಿ ಒತ್ತಿ ಕೂರಿಸಿದ ಜಲ್ಲಿ ಬರುತ್ತದೆ. ಒಣಗಿದ್ದರೆ ಬಿಳಿ ಧೂಳು ಚೈನಿಗೆ ಹತ್ತುತ್ತದೆ, ಮಳೆ ಬಂದರೆ ಅದೇ ಧೂಳು ಕಣಕವಾಗಿ ಬ್ರೇಕಿನ ಸಂದಿಗೆ ಮೆತ್ತಿಕೊಳ್ಳುತ್ತದೆ. 28ರ ಟೈರಿನಲ್ಲಿ ಹೋಗಬಹುದು, 25 ಆದರೆ ಬೇಡ. ಜುಲೈ, ಆಗಸ್ಟ್‌ನಲ್ಲಿ ಎದುರಿಗೆ ಮಕ್ಕಳ ಗಾಡಿ ಕಟ್ಟಿಕೊಂಡ ಅಪ್ಪಂದಿರು, ಇ-ಬೈಕ್ ಮೇಲೆ ಸಾಲಾಗಿ ಬರುವ ಹಿರಿಯರು. ಅವರ ದಾರಿ ಅದು. ನಾವು ಅಲ್ಲಿ ವೇಗ ಹಿಡಿಯಲು ನೋಡುವುದು ಮರ್ಯಾದೆಯಲ್ಲ. ಇನ್ನೊಂದು ಮಾತು. ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ನದಿ ಜೊತೆ ಕಡಲಿನ ಕಡೆಗೆ ಹೋಗುವವರೇ ಜಾಸ್ತಿ, ಇಳಿಜಾರು ಸಿಗುತ್ತದೆ ಅನ್ನುವ ಆಸೆ ಇರಬೇಕು. ಆ ಇಳಿಜಾರು ಕಾಲಿಗೆ ಗೊತ್ತೇ ಆಗುವುದಿಲ್ಲ, ಗಾಳಿ ಮಾತ್ರ ಎದೆಗೇ ಹೊಡೆಯುತ್ತದೆ. ನದಿ ದಂಡೆಯ ತೂರ್ ಊರಿನಿಂದ ಬ್ಲುವಾ ಊರಿನ ಕಡೆಗೆ, ಅಂದರೆ ಉಲ್ಟಾ ಹೊಡೆದ ದಿನವೇ ನನಗೆ ಆರಾಮಾಗಿತ್ತು.

ಸೊಲೋನ್‌ನಲ್ಲಿ ಹೀಗೊಂದು ಸಮಸ್ಯೆಯೇ ಇಲ್ಲ. ಅಲ್ಲಿ ನಾನು ಓಡಿಸಿದ್ದು ಜಿಲ್ಲಾ ರಸ್ತೆಗಳಲ್ಲಿ. ಮಿಶ್ಲಿನ್ ಕಂಪನಿಯ ರಸ್ತೆ ಮ್ಯಾಪಿನಲ್ಲಿ ಬಿಳಿ ಬಣ್ಣದಲ್ಲಿ ತೋರಿಸುತ್ತಾರಲ್ಲ, ಅವು. ಹಳದಿ ರಸ್ತೆ ಸ್ವಲ್ಪ ದೊಡ್ಡದು, ಕೆಂಪಿನ ಹತ್ತಿರ ಹೋಗಲೇಬೇಡಿ. ಪಕ್ಕದಲ್ಲಿ ಹಸಿರು ಗೆರೆ ಎಳೆದಿದ್ದರೆ ದೃಶ್ಯ ಚೆನ್ನಾಗಿದೆ ಅಂತ ಅರ್ಥ. ಬಿಳಿ ರಸ್ತೆಗಳ ಡಾಂಬರು ನುಣುಪಾಗಿತ್ತು, ಇಕ್ಕೆಲದಲ್ಲೂ ಓಕ್, ಬರ್ಚ್, ಪೈನ್, ನಡುನಡುವೆ ಕೆರೆ. ದಾರಿ ಉದ್ದಕ್ಕೂ ನೇರ. ಬೆಳಿಗ್ಗೆ ಒಂದು ಗಂಟೆಯಲ್ಲಿ ಎದುರಾದ ಕಾರುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಮರಗಳಿಂದಾಗಿ ಗಾಳಿಯೂ ಕಾಡುವುದಿಲ್ಲ. ಬೋರ್ ಆಗಲ್ವಾ ಅಂದರೆ, ಸ್ವಲ್ಪ ಆಗುತ್ತದೆ. ನೇರ ರಸ್ತೆ, ಸಮತಟ್ಟು, ಮರ, ಮತ್ತೆ ಮರ.

ಡೋರ್ಡೋನ್‌ನಲ್ಲಿ ಬೋರ್ ಅನ್ನುವ ಮಾತೇ ಇಲ್ಲ. ನದಿಯಿಂದ ದೂರ ಸರಿದ ತಕ್ಷಣ ಏರು. ಉದ್ದದ ಏರಲ್ಲ, ನಂದಿ ಬೆಟ್ಟದ ಹಾಗೆ ಏಳೆಂಟು ಕಿಲೋಮೀಟರ್ ಹತ್ತುತ್ತಾ ಹೋಗುವುದಿಲ್ಲ. ಎರಡು ಕಿಲೋಮೀಟರ್ ಹತ್ತು, ಇಳಿ, ವಾಲ್‌ನಟ್ ತೋಟ ದಾಟು, ಮತ್ತೆ ಹತ್ತು. ಕೆಲವು ತುಂಡುಗಳು ನೂರಕ್ಕೆ ಹತ್ತರಷ್ಟು ಕಡಿದು. ಹಿಂದಿನ ಚಕ್ರದಲ್ಲಿ 32 ಹಲ್ಲಿನ ಸ್ಪ್ರಾಕೆಟ್, ಅಂದರೆ ಏರಿಗೆ ಹಗುರಾದ ಗೇರ್, ಇದ್ದದ್ದು ನನ್ನ ಪುಣ್ಯ. ಸಾಲದ್ದಕ್ಕೆ ಟ್ರಾಫಿಕ್. ನದಿಯ ಉತ್ತರ ದಡದ ಡಿ703 ರಸ್ತೆ ಬಂಡೆಗೂ ನೀರಿಗೂ ನಡುವೆ ನುಸುಳಿಕೊಂಡು ಲಾ ರೋಕ್ ಗಜಾಕ್, ಬೆನಾಕ್ ಊರುಗಳ ಒಳಗೇ ಹೋಗುತ್ತದೆ. ಬೇಸಿಗೆಯಲ್ಲಿ ಕ್ಯಾರವಾನ್‌ಗಳ ಸಾಲು. ಬೆನಾಕ್‌ಗೆ ಬೈಪಾಸ್ ಮಾಡಲು ಹೊರಟಿದ್ದರು, ನದಿಯಲ್ಲಿ ಕಂಬಗಳೂ ಎದ್ದಿದ್ದವು. 2018ರ ಕೊನೆಯಲ್ಲಿ ಕೋರ್ಟು ಕೆಲಸ ನಿಲ್ಲಿಸಿತು. ಹಾಗಾಗಿ ಆ ರಸ್ತೆಗೆ ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ, ಇಲ್ಲವೇ ನದಿ ದಾಟಿ ದಕ್ಷಿಣದ ಸಣ್ಣ ರಸ್ತೆ ಹಿಡಿಯಿರಿ. ಹತ್ತಿರದ ಸಾರ್ಲಾ ಊರಿನ ಕಡೆಯಿಂದ ಹಳೇ ರೈಲು ದಾರಿಯನ್ನು ಸೈಕಲ್ ಹಾದಿ ಮಾಡಿದ್ದಾರೆ, ನೆರಳು ಚೆನ್ನಾಗಿದೆ, ಕಾಲಿಗೆ ರಜೆ ಬೇಕಾದ ದಿನಕ್ಕೆ ಸರಿ.

ಕೋಟೆಗಳ ವಿಷಯ

ಲುವಾರ್ ದಂಡೆಯಲ್ಲಿ ಅರಮನೆಗಳಿಗೆ ಬರವಿಲ್ಲ. ಬ್ಲುವಾ, ಶೋಮೋನ್, ಆಂಬ್ವಾಜ್, ಮುಂದೆ ವಿಲಾಂಡ್ರಿ. 1588ರಲ್ಲಿ ರಾಜ ತನ್ನ ಎದುರಾಳಿ ಗೀಸ್ ಡ್ಯೂಕ್‌ನನ್ನು ಕೊಲ್ಲಿಸಿದ ಕೋಣೆ ಬ್ಲುವಾದಲ್ಲಿದೆ. ಲಿಯೊನಾರ್ಡೊ ಡ ವಿಂಚಿ ಕೊನೆಯ ವರ್ಷಗಳನ್ನು ಕಳೆದು 1519ರಲ್ಲಿ ತೀರಿಕೊಂಡ ಮನೆ ಆಂಬ್ವಾಜ್‌ನಲ್ಲಿದೆ. ಇವೆಲ್ಲ ಒಳಗೆ ಹೋಗಿ ನೋಡುವ ಜಾಗಗಳು. ನದಿಯೇ ಆಗಿನ ಹೆದ್ದಾರಿ, ಅದಕ್ಕೇ ಅರಮನೆಗಳು ದಂಡೆ ಮೇಲೆ ಅನ್ನುವುದು ಅರ್ಥವಾಗುತ್ತದೆ ನಿಜ. ಆದರೆ ಎರಡನೇ ದಿನದ ಹೊತ್ತಿಗೆ ಎಲ್ಲವೂ ಒಂದೇ ಥರ ಕಾಣಲು ಶುರುವಾಗುತ್ತದೆ. ಬಿಳಿ ಕಲ್ಲು, ಕಪ್ಪು ಮಾಡು, ಉದ್ದನೆ ಚಿಮಣಿ. ಸೈಕಲ್‌ಗೆ ಬೀಗ ಹಾಕು, ಕ್ಯೂ ನಿಲ್ಲು, ಬೀಗ ತೆಗಿ.

ಸೊಲೋನ್ ಕಾಡಿನ ಶಾಂಬೋರ್ ಅರಮನೆ ಬೇರೆ. ಬ್ಲುವಾದಿಂದ ಸುಮಾರು 16 ಕಿ.ಮೀ. ಅಷ್ಟೇ. ಮೊದಲು ಎದುರಾಗುವುದು ಅರಮನೆಯಲ್ಲ, ಒಂದು ಗೋಡೆ. ಈ ಗೋಡೆ 32 ಕಿ.ಮೀ. ಉದ್ದ, ಒಳಗಿರುವ ಕಾಡು 5,440 ಹೆಕ್ಟೇರ್. ಹೆಚ್ಚುಕಡಿಮೆ ಪ್ಯಾರಿಸ್ ನಗರದಷ್ಟೇ ಜಾಗ. ಗೋಡೆಯ ಬಾಗಿಲು ದಾಟಿ ಒಳಗೆ ಹೋದರೆ ಅರಮನೆ ಇನ್ನೂ ಕಾಣುವುದಿಲ್ಲ. ಕೆಲವು ಕಿಲೋಮೀಟರ್ ಬರೀ ಮರ. ಎಲ್ಲಿದೆಯಪ್ಪಾ ಅಂತ ತಾಳ್ಮೆ ಕೆಡುವ ಹೊತ್ತಿಗೆ ಚಿಮಣಿಗಳು, ಗೋಪುರಗಳು ಒಮ್ಮೆಲೇ ಮೇಲೇಳುತ್ತವೆ. ಆಗ ಗೊತ್ತಾಗುತ್ತದೆ. ಮೊದಲನೇ ಫ್ರಾನ್ಸ್ವಾ ರಾಜ 1519ರಲ್ಲಿ ಶುರು ಮಾಡಿಸಿದ್ದು ಬೇಟೆಗೆ ಬಂದಾಗ ತಂಗುವ ಮನೆ. ನಾನೂರಕ್ಕೂ ಹೆಚ್ಚು ಕೋಣೆ, ಒಬ್ಬರು ಹತ್ತುವಾಗ ಇಳಿಯುವವರು ಎದುರಾಗದ ಹಾಗೆ ಸುತ್ತಿಕೊಂಡ ಜೋಡಿ ಮೆಟ್ಟಿಲು. ಇಷ್ಟೆಲ್ಲ ಮಾಡಿಸಿ, ಮೂವತ್ತೆರಡು ವರ್ಷದ ಆಳ್ವಿಕೆಯಲ್ಲಿ ಇಲ್ಲಿ ಕಳೆದದ್ದು ಎಲ್ಲಾ ಸೇರಿ ಮೂರು ತಿಂಗಳೂ ಇಲ್ಲ. ಇಲ್ಲಿ ಮುಖ್ಯವಾದದ್ದು ಕಾಡು, ಮನೆ ಅದಕ್ಕೆ ಅಂಟಿಕೊಂಡು ಬಂದದ್ದು. ಬಸ್ಸಿನವರನ್ನು ನೇರ ಪಾರ್ಕಿಂಗ್‌ನಲ್ಲಿ ಇಳಿಸುತ್ತಾರೆ, ಅವರಿಗೆ ಕಾಡು ಲೆಕ್ಕಕ್ಕೇ ಬರುವುದಿಲ್ಲ.

ಅಲ್ಲಿಂದ ಬ್ರಾಸಿಯೋ ಊರಿನ ಮೇಲಿಂದ ಶೆವೆರ್ನಿಗೆ ಹೋದರೆ ಇದೇ ಕಥೆಯ ಮುಂದಿನ ಭಾಗ. ಶೆವೆರ್ನಿ ಚೊಕ್ಕ ಅರಮನೆ, ಟಿನ್‌ಟಿನ್ ಕಾಮಿಕ್ಸ್‌ನಲ್ಲಿ ಕ್ಯಾಪ್ಟನ್ ಹ್ಯಾಡಕ್ ಬಂಗಲೆಗೆ ಮಾದರಿಯಾದದ್ದು ಇದೇ. ನನಗೆ ನೆನಪಿರುವುದು ಅಲ್ಲಿನ ನಾಯಿಗಳು. ಬೇಟೆಗೆಂದು ಸಾಕಿದ, ಬಿಳಿ-ಕಂದು-ಕಪ್ಪು ಬಣ್ಣದ ನೂರರಷ್ಟು ನಾಯಿಗಳು ಜಾಲರಿಯ ಆಚೆ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಊಟದ ಹೊತ್ತಿಗೆ ಅಷ್ಟೂ ಎದ್ದು ಕೂಗಲು ಶುರು ಮಾಡಿದವು. ಆದರೆ ಯಜಮಾನ ಕೋಲು ಹಿಡಿದು ನಿಂತರೆ ಒಂದಾದರೂ ಮಾಂಸ ಮುಟ್ಟಬೇಕಲ್ಲ! ಅವನು ಸರಿ ಅನ್ನುವವರೆಗೂ ಕಾಲು ಕುಣಿಸುತ್ತಾ ನಿಂತಲ್ಲೇ. ಬೇಟೆ ಇಲ್ಲಿ ಇನ್ನೂ ಹಳೇ ಮಾತಾಗಿಲ್ಲ.

ಅದರ ಇನ್ನೊಂದು ಮುಖವೂ ಸೈಕಲ್ ಮೇಲಿಂದ ಕಾಣುತ್ತದೆ. ಸೊಲೋನ್ ಕಾಡಿನ ಬಹುಪಾಲು ಖಾಸಗಿ. ರಸ್ತೆಯ ಎರಡೂ ಪಕ್ಕ ಎತ್ತರದ ತಂತಿಬೇಲಿ, ಪ್ರವೇಶವಿಲ್ಲ ಅನ್ನುವ ಬೋರ್ಡುಗಳು. ಪ್ರಾಣಿಗಳಿಗೂ ಓಡಾಡಲು ದಾರಿಯಿಲ್ಲ. 2023ರಲ್ಲಿ ಕಾನೂನು ಬಂತು. ಬೇಲಿ 1.2 ಮೀಟರ್‌ಗಿಂತ ಎತ್ತರ ಇರಬಾರದು, ಕೆಳಗೆ 30 ಸೆಂ.ಮೀ. ಖಾಲಿ ಬಿಡಬೇಕು ಅಂತ. ಬೇಲಿ ನೋಡುತ್ತಾ ಹೋಗುವಾಗ ಕಾಡಿನ ಖುಷಿ ಅರ್ಧ ಇಳಿಯುತ್ತದೆ, ಇದನ್ನು ಮುಚ್ಚಿಟ್ಟು ಹೊಗಳಿದರೆ ಸರಿಯಲ್ಲ. ಶರತ್ಕಾಲ, ಚಳಿಗಾಲದಲ್ಲಿ ಬೇಟೆ ನಡೆಯುವಾಗ ರಸ್ತೆ ಬದಿ ಎಚ್ಚರಿಕೆ ಬೋರ್ಡು ಇಡುತ್ತಾರೆ, ಗುಂಡಿನ ಸದ್ದು ಕೇಳಿಸುತ್ತದೆ. ಹೊಳೆಯುವ ಬಣ್ಣದ ಬಟ್ಟೆ ಹಾಕಿಕೊಳ್ಳಿ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಗಂಡು ಜಿಂಕೆಗಳು ಹೆಣ್ಣಿಗಾಗಿ ಕೂಗುವ ಕಾಲ. ಮೊದಲ ಸಲ ಕೇಳಿದವರು ಇದು ಜಿಂಕೆಯ ಸದ್ದು ಅಂದರೆ ನಂಬುವುದಿಲ್ಲ.

ಡೋರ್ಡೋನ್ ಕೋಟೆಗಳು ನಿಜಕ್ಕೂ ಕೋಟೆಗಳು. ಕಿಟಕಿ ಕಡಿಮೆ, ಗೋಡೆ ದಪ್ಪ, ಕೆಳಗೆ ಕಡಿದಾದ ಬಂಡೆ. ನೂರು ವರ್ಷದ ಯುದ್ಧದಲ್ಲಿ, ಅಂದರೆ 1337ರಿಂದ 1453ರ ನಡುವೆ, ಬೆನಾಕ್ ಫ್ರೆಂಚರ ಕಡೆ, ನದಿಯಾಚೆಯ ಕಾಸ್ತೆಲ್ನೋ ಇಂಗ್ಲಿಷರ ಕಡೆ. ಕಾಸ್ತೆಲ್ನೋ ಹಲವು ಸಲ ಕೈ ಬದಲಾಯಿತು. ಇದನ್ನು ಓದಿ ತಿಳಿಯುವುದು ಬೇರೆ. ಬೆನಾಕ್ ಹಳ್ಳಿಯ ಕಲ್ಲು ಹಾಸಿದ ಓಣಿ ನಡೆಯುವವರಿಗೆ ಮಾತ್ರ, ಸೈಕಲ್ಲಾದರೆ ಹಿಂದಿನಿಂದ ಸುತ್ತಿ ಹತ್ತಬೇಕು. ನಾಲಿಗೆ ಹೊರಗೆ ಬರುತ್ತದೆ. ಮೇಲೆ ನಿಂತು ಉಸಿರು ಬಿಟ್ಟು ನೋಡಿದರೆ ನದಿಯ ಆಚೆ ವೈರಿಯ ಕೋಟೆ ಕಣ್ಣೆದುರೇ ಇದೆ. ಇಲ್ಲಿಂದ ಇಳಿದು ಅಲ್ಲಿಗೆ ಹತ್ತಿದರೆ ಅಲ್ಲಿಂದ ಇದು ಕಾಣುತ್ತದೆ. ಕವಚ ತೊಟ್ಟವನು ಈ ಏರು ಹೇಗೆ ಹತ್ತಿದನೋ ಅಂತ ತೊಡೆ ಉರಿಯುವಾಗಲೇ ಯೋಚನೆ ಬರುತ್ತದೆ. ಕಾಸ್ತೆಲ್ನೋದಲ್ಲಿ ಈಗ ಮಧ್ಯಕಾಲದ ಯುದ್ಧದ ವಸ್ತುಸಂಗ್ರಹಾಲಯ, ಕಲ್ಲೆಸೆಯುವ ದೊಡ್ಡ ಯಂತ್ರಗಳನ್ನು ಮರದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಹತ್ತಿರದ ಡೋಮ್ ಅನ್ನುವ ಗೋಡೆಯೊಳಗಿನ ಊರು 1281ರದ್ದು. ಅದರ ಏರೂ ಬಿಡಬೇಡಿ.

ಈ ಒಂದು ಅಳತೆಯಲ್ಲಿ ಡೋರ್ಡೋನ್ ಮೊದಲು, ಶಾಂಬೋರ್ ಕಾಡು ಅದರ ಬೆನ್ನಿಗೇ. ಲುವಾರ್ ದಂಡೆ ಮೂರನೆಯದು.

ಹೊಟ್ಟೆಗೆ

ಸಸ್ಯಾಹಾರಿಗಳಿಗೆ ಲೆಕ್ಕ ಉಲ್ಟಾ. ಡೋರ್ಡೋನ್‌ನಲ್ಲಿ ಎಲ್ಲದಕ್ಕೂ ಬಾತುಕೋಳಿ. ಸಾರ್ಲಾದ ಹೆಸರಿನಲ್ಲಿ ಬೆಳ್ಳುಳ್ಳಿ ಹಾಕಿ ಹುರಿದ ಆಲೂಗಡ್ಡೆ ಕೊಡುತ್ತಾರೆ, ಘಮ್ಮೆನ್ನುತ್ತದೆ. ಹುರಿಯುವುದು ಬಾತುಕೋಳಿ ಕೊಬ್ಬಿನಲ್ಲಿ. ಕೇಳದೆ ತಿನ್ನಬೇಡಿ. ವಾಲ್‌ನಟ್ ಕೇಕ್, ಸಣ್ಣ ಬಿಲ್ಲೆಯಂಥ ಆಡಿನ ಚೀಸ್, ಬ್ರೆಡ್ ಇಷ್ಟರಲ್ಲಿ ದಿನ ಕಳೆಯಬೇಕು. ಲುವಾರ್, ಸೊಲೋನ್ ಕಡೆ ಆಡಿನ ಚೀಸ್‌ನಲ್ಲೇ ಬೂದಿ ಮೆತ್ತಿದ ಸೆಲ್ ಸುರ್ ಶೇರ್, ನಡುವೆ ಹುಲ್ಲುಕಡ್ಡಿ ಚುಚ್ಚಿದ ಸೇಂತ್ ಮೋರ್ ಅಂತ ಬಗೆಬಗೆ. ವಸಂತದಲ್ಲಿ ಸೊಲೋನ್‌ನ ಸ್ಟ್ರಾಬೆರಿ, ಬಿಳಿ ಆಸ್ಪರಾಗಸ್. ಸೇಬು ತಲೆಕೆಳಗಾಗಿಸಿ ಬೇಯಿಸುವ ತಾರ್ತ್ ತಾತಾನ್ ಕೂಡ ಸೊಲೋನ್‌ನ ಲಮೋತ್ ಬೋವ್ರೋನ್ ಊರಿನದೇ. ಮೂರೂ ಕಡೆ ಒಂದು ಎಚ್ಚರ. ಹಳ್ಳಿ ಅಂಗಡಿಗಳು ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಬಾಗಿಲು ಹಾಕುತ್ತವೆ, ಸೋಮವಾರ ಬಹಳಷ್ಟು ತೆರೆಯುವುದೇ ಇಲ್ಲ. ಹನ್ನೊಂದಕ್ಕೇ ಬ್ರೆಡ್ ತೆಗೆದು ಜೆರ್ಸಿಯ ಹಿಂದಿನ ಜೇಬಿಗೆ ಸಿಕ್ಕಿಸಿ.

ನೀರಿಗೆ ಸ್ಮಶಾನ. ನಗಬೇಡಿ, ಅಲ್ಲಿನ ಸೈಕಲ್‌ನವರೆಲ್ಲ ಮಾಡುವುದು ಇದೇ. ಹಳ್ಳಿಯ ಸ್ಮಶಾನದ ಗೇಟಿನ ಹತ್ತಿರ ಹೂಗಿಡಗಳಿಗೆ ಅಂತ ನಲ್ಲಿ ಇರುತ್ತದೆ, ಪಕ್ಕದಲ್ಲಿ ನೀರು ಹಾಕುವ ಹಸಿರು ಡಬ್ಬಗಳು. ಕುಡಿಯಲು ಯೋಗ್ಯವಲ್ಲ ಅನ್ನುವ ಬೋರ್ಡು ಇಲ್ಲದಿದ್ದರೆ ಬಾಟಲಿ ತುಂಬಿಸಿಕೊಳ್ಳಿ. ಸೊಲೋನ್‌ನಲ್ಲಿ ಹಳ್ಳಿಗಳು ದೂರದೂರ, ಎರಡು ಬಾಟಲಿ ಇರಲಿ.

ಯಾರಿಗೆ ಯಾವುದು

ಮಕ್ಕಳು, ಅಪ್ಪ-ಅಮ್ಮ ಜೊತೆಗಿದ್ದರೆ ಯೋಚಿಸದೆ ಲುವಾರ್ ದಂಡೆ. ದಪ್ಪ ಟೈರಿನ ಸೈಕಲ್ ಬಾಡಿಗೆಗೆ ಸಿಗುತ್ತದೆ. ದಾರಿಯ ಐದು ಕಿಲೋಮೀಟರ್ ಒಳಗೆ ಸೈಕಲ್‌ನವರಿಗೆಂದೇ ಗುರುತು ಪಡೆದ ವಸತಿಗಳೂ ಇವೆ, ಅಲ್ಲಿ ಸೈಕಲ್ ಇಡಲು ಭದ್ರವಾದ ಜಾಗ ಕೊಡುತ್ತಾರೆ. ಏರು ಹತ್ತುವ ಹುಚ್ಚು ಇರುವವರು ಬೋರ್ಡೋದಿಂದ ಸಾರ್ಲಾಗೆ ರೈಲು ಹತ್ತಿ, ಜೂನ್ ಅಥವಾ ಸೆಪ್ಟೆಂಬರ್‌ನಲ್ಲಿ. ಆಗಸ್ಟ್ ಖಂಡಿತಾ ಬೇಡ.

ನನ್ನನ್ನು ಒಂದೇ ಆರಿಸು ಅಂದರೆ ಬ್ಲುವಾದಲ್ಲಿ ರೂಮು ಮಾಡಿ ಸೊಲೋನ್ ಸುತ್ತುತ್ತೇನೆ. ಬೇಲಿ, ನೇರ ರಸ್ತೆ ಎರಡನ್ನೂ ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. ಡೋರ್ಡೋನ್ ಕೋಟೆಗಳು ದೊಡ್ಡವು, ಆದರೆ ಅಲ್ಲಿ ಅರ್ಧ ಗಮನ ಕಾರುಗಳ ಮೇಲೆಯೇ. ಬ್ಲುವಾ, ಶಾಂಬೋರ್, ಶೆವೆರ್ನಿ, ಮತ್ತೆ ಬ್ಲುವಾ ಅಂದರೆ ಐವತ್ತು ಕಿಲೋಮೀಟರ್ ಆಸುಪಾಸು, ಮಧ್ಯಾಹ್ನದೊಳಗೆ ಮುಗಿಯುತ್ತದೆ. ಇನ್ನೊಂದು ದಿನ ಆಂಬ್ವಾಜ್‌ವರೆಗೆ ರೈಲಿನಲ್ಲಿ ಹೋಗಿ, ಊರಿನ ಹಿಂದಿನ ಏರು ಹತ್ತಿ, ಆಂಬ್ವಾಜ್ ಕಾಡು ದಾಟಿ, ಶೇರ್ ನದಿಯ ಮೇಲೇ ಕಟ್ಟಿರುವ ಶೆನಾನ್ಸೊ ಅರಮನೆಗೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಹಿಡಿತದ ಭಾಗಕ್ಕೂ ಮಿಕ್ಕ ಭಾಗಕ್ಕೂ ಗಡಿ ಈ ನದಿಯೇ ಆಗಿತ್ತು, ಅರಮನೆಯ ಒಂದು ಬಾಗಿಲು ಇತ್ತ, ಇನ್ನೊಂದು ಅತ್ತ.

ಭಾರತದಿಂದ ಹೋಗುವವರಿಗೆ ಇನ್ನೆರಡು ಮಾತು. ಬಾಡಿಗೆ ಸೈಕಲ್‌ನಲ್ಲಿ ಎಡಗೈ ಬ್ರೇಕ್ ಮುಂದಿನ ಚಕ್ರಕ್ಕೆ, ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದ್ದು. ಇಳಿಜಾರಿಗೆ ಮೊದಲು ಪಾರ್ಕಿಂಗ್‌ನಲ್ಲಿ ಒಂದೆರಡು ಸುತ್ತು ಹೊಡೆದು ಕೈಗೆ ರೂಢಿ ಮಾಡಿಸಿ. ಊರೊಳಗೆ ಬೋರ್ಡು ಇಲ್ಲದ ಕಡೆ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಸಣ್ಣ ಓಣಿಯಿಂದ ಬಂದರೂ ಅವರದೇ ಹಕ್ಕು, ಅವರು ನಿಲ್ಲಿಸುವುದೂ ಇಲ್ಲ. ಊರ ಹೊರಗೆ ಕಾರಿನವರು ಸೈಕಲ್ ದಾಟುವಾಗ ಒಂದೂವರೆ ಮೀಟರ್ ಜಾಗ ಬಿಡಬೇಕು ಅನ್ನುವುದು ಅಲ್ಲಿ ಕಾನೂನು, ಬಹುತೇಕರು ಬಿಟ್ಟರು ಕೂಡ. ಬೇಸಿಗೆಯಲ್ಲಿ ಪ್ಯಾರಿಸ್‌ನಿಂದ ಬ್ಲುವಾಗೆ ಸೈಕಲ್ ಸಮೇತ ರೈಲು ಹತ್ತುವುದಾದರೆ, ಸೈಕಲ್‌ಗೂ ಜಾಗ ಕಾದಿರಿಸಬೇಕಾ ಅಂತ ಟಿಕೆಟ್ ಮಾಡಿಸುವಾಗಲೇ ನೋಡಿಕೊಳ್ಳಿ.