ಮೂಟೆ ಲೆಕ್ಕದಲ್ಲಿ ತರೋದಾ, ವಾರವಾರ ಸ್ವಲ್ಪ ಸ್ವಲ್ಪ ಸೇರಿಸೋದಾ: ಮನೆ ದಾಸ್ತಾನು ಮಾಡಿ ನೋಡಿದ ಹೋಲಿಕೆ

ಕೈಯಲ್ಲಿ ದುಡ್ಡು ಕಮ್ಮಿ, ಆದ್ರೂ ಅಂಗಡಿಯಲ್ಲಿ ಸಾಮಾನು ಸಿಗದೇ ಹೋದ್ರೆ ಒಂದು ತಿಂಗಳಾದ್ರೂ ಮನೆಯವ್ರ ಊಟಕ್ಕೆ ತೊಂದ್ರೆ ಆಗ್ಬಾರ್ದು, ಹಂಗಂತ ಯೋಚನೆ ಮಾಡ್ತಿರೋರಿಗೆ ಇದು. ದಾಸ್ತಾನು ಮಾಡೋಕೆ ಮುಖ್ಯವಾಗಿ ಮೂರು ದಾರಿ. ಒಂದೇ ಸಲ ದೊಡ್ಡ ಮೂಟೆ ತಂದು ಇಡೋದು, ಪ್ರತಿ ವಾರದ ಖರೀದಿ ಜೊತೆ ಒಂದೋ ಎರಡೋ ಐಟಂ ಜಾಸ್ತಿ ತಗೊಂಡು ನಿಧಾನಕ್ಕೆ ಸೇರಿಸೋದು, ಇಲ್ಲಾಂದ್ರೆ ತುರ್ತು ಸಮಯಕ್ಕೆ ಅಂತಾನೇ ರೆಡಿ ಮಾಡಿ ಮಾರೋ ಒಣಗಿಸಿದ ಊಟದ ಕಿಟ್ ತಗೊಳ್ಳೋದು. ಮೂರನ್ನೂ ಮಾಡಿ ನೋಡಿದೀನಿ, ಯಾವುದಕ್ಕೆ ಯಾವುದು ಸರಿ ಅನ್ನೋದು ನನಗೆ ಈಗ ಸ್ಪಷ್ಟ ಇದೆ.

ಕಿಟ್ ವಿಷಯ ಬೇಗ ಮುಗಿಸ್ತೀನಿ. ಹಗುರ, ಬಿಸಿನೀರು ಹಾಕಿದ್ರೆ ಊಟ ರೆಡಿ, ವರ್ಷಗಟ್ಲೆ ಇರತ್ತೆ, ಇದೆಲ್ಲ ನಿಜ. ಆದ್ರೆ ಡಬ್ಬದ ಮೇಲೆ ಇಷ್ಟು ಜನರಿಗೆ ಇಷ್ಟು ದಿನ ಅಂತ ದೊಡ್ಡದಾಗಿ ಬರೆದಿರೋದನ್ನ ಬಿಟ್ಟು ಹಿಂದುಗಡೆ ಸಣ್ಣ ಅಕ್ಷರದಲ್ಲಿರೋ ಕ್ಯಾಲೊರಿ ಕೂಡಿಸಿ ನೋಡಿ. ದೊಡ್ಡವರೊಬ್ಬರಿಗೆ ದಿನಕ್ಕೆ ಸುಮಾರು 2000 ಕ್ಯಾಲೊರಿ ಬೇಕು ಅಂತ ಇಟ್ಕೊಂಡ್ರೆ ನಾನು ತಗೊಂಡಿದ್ದ ಕಿಟ್ ಅದರ ಹತ್ರಾನೂ ಬರ್ತಿರ್ಲಿಲ್ಲ, ಉಪ್ಪು ಬೇರೆ ಜಾಸ್ತಿ. ಮನೆ ಬಿಟ್ಟು ಹೊರಡೋ ಪರಿಸ್ಥಿತಿಗೆ ಬ್ಯಾಗಲ್ಲಿ ಎರಡು ದಿನದ್ದು ಇಡಿ, ಮನೇಲೇ ಇರೋದಾದ್ರೆ ಅದೇ ದುಡ್ಡಿಗೆ ಅಕ್ಕಿ ಬೇಳೆ ಎಷ್ಟೋ ಪಟ್ಟು ಬರತ್ತೆ.

ಹಾಗಾದ್ರೆ ಮೂಟೆನಾ, ವಾರವಾರನಾ? ಎಲ್ಲರೂ ಇದನ್ನ ರೇಟ್ ನೋಡಿ ತೀರ್ಮಾನ ಮಾಡ್ತಾರೆ, ಮೂಟೆ ತಗೊಂಡ್ರೆ ಕೆಜಿಗೆ ಕಮ್ಮಿ ಬೀಳತ್ತೆ ಅಂತ. ಆದ್ರೆ ಎರಡೂ ಮಾಡಿದ್ಮೇಲೆ ನಾನು ನೋಡೋದು ರೇಟಲ್ಲ, ಆ ಪದಾರ್ಥದ ಒಳಗೆ ಎಣ್ಣೆ ಅಂಶ ಎಷ್ಟಿದೆ ಅನ್ನೋದು. ಎಣ್ಣೆ ಅಂಶ ಇರೋದು ಗಾಳಿ, ಬಿಸಿ, ಬೆಳಕು ತಾಗಿ ಕಮಟು ಹಿಡಿಯತ್ತೆ, ನೀವು ಎಷ್ಟೇ ಕಮ್ಮಿ ರೇಟಿಗೆ ತಂದಿದ್ರೂ ಅಷ್ಟೇ. ಬಿಳಿ ಅಕ್ಕಿಯಲ್ಲಿ ತೌಡು ತೆಗೆದಿರ್ತಾರೆ, ಹಾಗಾಗಿ ಒಣಗಿದ್ದು ತಂಪಾದ ಜಾಗದಲ್ಲಿ ಗಾಳಿ ಹೋಗದಂಗೆ ಕಟ್ಟಿಟ್ರೆ ಹತ್ತಾರು ವರ್ಷ ಇರತ್ತೆ, ಅದೇ ಪಾಲಿಶ್ ಮಾಡದ ಕಂದು ಅಕ್ಕಿ ಸಾಮಾನ್ಯ ಡಬ್ಬಿಯಲ್ಲಿ ಆರು ತಿಂಗಳಿಗೇ ವಾಸನೆ ಶುರು, ಯಾಕಂದ್ರೆ ತೌಡಿನ ಎಣ್ಣೆ ಅಲ್ಲೇ ಇದೆ. ಇಡೀ ಗೋಧಿ ವರ್ಷಗಟ್ಲೆ ಸರಿಯಾಗಿರತ್ತೆ, ಅದನ್ನೇ ಬೀಸಿ ಹಿಟ್ಟು ಮಾಡಿದ ಕೂಡ್ಲೇ ಮೊಳಕೆಭಾಗದ ಎಣ್ಣೆ ಗಾಳಿಗೆ ತೆರೆದುಕೊಂಡು ಕೆಲವೇ ತಿಂಗಳಲ್ಲಿ ಕಹಿ ಆಗತ್ತೆ. ಹಾಲಿನ ಪುಡಿಯಲ್ಲೂ ಹಿಂಗೇ, ಕೊಬ್ಬು ತೆಗೆದಿದ್ದು ತಡಿಯತ್ತೆ, ಕೆನೆ ಇರೋದು ತಡಿಯಲ್ಲ.

ಹಾಗಾಗಿ ನನ್ನ ಪ್ರಕಾರ ಮೂಟೆ ಲೆಕ್ಕದಲ್ಲಿ ತರೋಕೆ ಯೋಗ್ಯ ಅಂದ್ರೆ ಬಿಳಿ ಅಕ್ಕಿ, ಇಡೀ ಗೋಧಿ, ಬೇಳೆಕಾಳು, ಉಪ್ಪು, ಸಕ್ಕರೆ. ಮಿಕ್ಕಿದ್ದು, ಅಂದ್ರೆ ಹಿಟ್ಟು, ಎಣ್ಣೆ, ಕಡಲೆಕಾಯಿ ಬೀಜ, ಹಾಲಿನ ಪುಡಿ, ಮಸಾಲೆ ಪುಡಿ, ಇವೆಲ್ಲ ವಾರವಾರ ಸಣ್ಣ ಪ್ಯಾಕೆಟ್ಟು. ಎಣ್ಣೆಯಂತೂ ದೊಡ್ಡ ಕ್ಯಾನ್ ಬೇಡವೇ ಬೇಡ, ಒಂದ್ಸಲ ಮುಚ್ಚಳ ತೆಗೆದ್ರೆ ಪೂರ್ತಿ ಕ್ಯಾನಿಗೆ ಗಾಳಿ ಹೋಯ್ತು, ಅದೇ ಅರ್ಧ ಲೀಟರಿನ ಬಾಟ್ಲಿಗಳಾದ್ರೆ ತೆಗೆದಿದ್ದು ಒಂದೇ, ಮಿಕ್ಕಿದ್ದು ಸೀಲ್ ಆಗೇ ಇರತ್ತೆ. ಎಣ್ಣೆ ಬಿಟ್ಟು ದಾಸ್ತಾನು ಮಾಡೋರೂ ಇದಾರೆ, ಅದು ಸರಿಯಲ್ಲ. 100 ಗ್ರಾಂ ಎಣ್ಣೆಯಲ್ಲಿ ಹತ್ರಹತ್ರ 900 ಕ್ಯಾಲೊರಿ, ಅಷ್ಟೇ ತೂಕದ ಅಕ್ಕಿಯಲ್ಲಿ 360ರ ಆಸುಪಾಸು, ಅಂದ್ರೆ ಕಮ್ಮಿ ಜಾಗದಲ್ಲಿ ಅಷ್ಟು ಶಕ್ತಿ ಕೊಡೋದು ಬೇರೆ ಯಾವುದೂ ಇಲ್ಲ.

ವಾರವಾರ ಸೇರಿಸೋದರಲ್ಲಿ ಇನ್ನೊಂದು ಅನುಕೂಲ ಇದೆ, ಅದು ಮೂಟೆ ತಂದವರಿಗೆ ಸಿಗಲ್ಲ. ಅಭಾವ ಅಂದ್ರೆ ಎಲ್ಲವೂ ಒಟ್ಟಿಗೆ ಖಾಲಿ ಆಗೋದು ಅಪರೂಪ, ಯಾವುದೋ ಒಂದೆರಡು ಐಟಂ ಕೆಲವು ವಾರ ಮಾಯ ಆಗತ್ತೆ. 2020ರಲ್ಲಿ ಕೋವಿಡ್ ಶುರುವಾದಾಗ ಎಷ್ಟೋ ದೇಶಗಳಲ್ಲಿ ಹಿಟ್ಟು, ಯೀಸ್ಟ್, ಟಾಯ್ಲೆಟ್ ಪೇಪರ್ ಸಿಗ್ತಿರ್ಲಿಲ್ಲ, ಹಿಟ್ಟಿಗೆ ಬೇಕಾದ ಧಾನ್ಯ ಇರ್ಲಿಲ್ಲ ಅಂತಲ್ಲ, ಎಲ್ಲರೂ ಒಂದೇ ವಾರ ತಗೊಂಡ್ರು, ಮೇಲಾಗಿ ಬೇಕರಿ ಹೋಟೆಲ್‌ಗಳಿಗೆ ಹೋಗೋ ದೊಡ್ಡ ಚೀಲಗಳನ್ನ ಮನೆ ಸೈಜಿನ ಪ್ಯಾಕೆಟ್ಟಿಗೆ ಬದಲಾಯಿಸೋಕೆ ಮಿಲ್ಲುಗಳಿಗೆ ಟೈಮ್ ಹಿಡೀತು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ್ಮೇಲೆ ಸೂರ್ಯಕಾಂತಿ ಎಣ್ಣೆ ಕತೆ ಹಿಂಗೇ ಆಯ್ತು, ಯುರೋಪಿನ ಕೆಲವು ಸೂಪರ್ ಮಾರ್ಕೆಟ್‌ಗಳು ಒಬ್ಬರಿಗೆ ಇಷ್ಟೇ ಬಾಟ್ಲಿ ಅಂತ ಮಿತಿ ಹಾಕಿದ್ವು. ಇಂಥ ಸಮಯದಲ್ಲಿ ಮನೇಲಿ 50 ಕೆಜಿ ಅಕ್ಕಿ ಇದ್ದು ಎಣ್ಣೆ, ಉಪ್ಪು, ಸೋಪು ಇಲ್ಲ ಅಂದ್ರೆ ಏನು ಉಪಯೋಗ. ನಿಧಾನಕ್ಕೆ ಸೇರಿಸಿದವ್ರ ಹತ್ರ ಎಲ್ಲದೂ ಸ್ವಲ್ಪ ಸ್ವಲ್ಪ ಇರತ್ತೆ, ಮತ್ತೆ ಅಂಗಡಿಯ ಕಪಾಟೂ ಅವರಿಂದ ಖಾಲಿ ಆಗಲ್ಲ, ಪಕ್ಕದವ್ರಿಗೂ ಸಿಗತ್ತೆ. ಇದು ನನಗೆ ಸಣ್ಣ ವಿಷಯ ಅನ್ಸಲ್ಲ.

ಎಷ್ಟು ಬೇಕು ಅಂತ ಕೇಳಿದ್ರೆ ದೊಡ್ಡವರೊಬ್ಬರಿಗೆ ಒಂದು ತಿಂಗಳಿಗೆ ನನ್ನ ಲೆಕ್ಕ ಇದು: ಅಕ್ಕಿ ಗೋಧಿ ಎಲ್ಲಾ ಸೇರಿ 12 ಕೆಜಿ, ಬೇಳೆಕಾಳು 2 ಕೆಜಿ ಚಿಲ್ಲರೆ, ಎಣ್ಣೆ ಒಂದು ಲೀಟರ್, ಉಪ್ಪು ಕಾಲು ಕೆಜಿ ಇದ್ರೂ ಸಾಕು. ದಿನಕ್ಕೆ 400 ಗ್ರಾಂ ಧಾನ್ಯ, 70 ಗ್ರಾಂ ಬೇಳೆ, 30 ಗ್ರಾಂ ಎಣ್ಣೆ ಅಂತ ಹಾಕಿದ್ರೆ 1900 ಕ್ಯಾಲೊರಿ ದಾಟತ್ತೆ. ಇದನ್ನ ನಾಲ್ಕು ಭಾಗ ಮಾಡ್ಕೊಂಡು ಮೊದಲು ಒಂದು ವಾರದ್ದು, ಆಮೇಲೆ ಎರಡು ವಾರದ್ದು, ಹಂಗೆ ಹತ್ತಿ ಹೋದ್ರೆ ಜೇಬಿಗೆ ಗೊತ್ತೇ ಆಗಲ್ಲ.

ಈಗ ಎಲ್ಲದಕ್ಕಿಂತ ಜಾಸ್ತಿ ನಾನು ಪರೀಕ್ಷೆ ಮಾಡಿದ ವಿಷಯ, ಯಾವುದರಲ್ಲಿ ತುಂಬಿಡೋದು. ಅಂಗಡಿ ಚೀಲದಲ್ಲೇ ಬಿಟ್ಟ ಅಕ್ಕಿ, ನೀರಿನ ಪೆಟ್ ಬಾಟ್ಲಿಗೆ ತುಂಬಿದ ಅಕ್ಕಿ, ಗಾಜಿನ ಜಾಡಿ, ತಗಡಿನ ಡಬ್ಬ, ಮತ್ತೆ ಅಲ್ಯೂಮಿನಿಯಂ ಪದರ ಇರೋ ಮೈಲಾರ್ ಅನ್ನೋ ಪ್ಲಾಸ್ಟಿಕ್ ಚೀಲಕ್ಕೆ ಆಕ್ಸಿಜನ್ ಅಬ್ಸಾರ್ಬರ್ ಹಾಕಿ ಸೀಲ್ ಮಾಡಿದ್ದು, ಐದನ್ನೂ ಒಂದೇ ಕೋಣೆಯಲ್ಲಿ ಇಟ್ಟು ನೋಡಿದೆ. ಅಂಗಡಿ ಚೀಲದ್ದು ಮೊದಲು ಹೋಯ್ತು, ನುಸಿ ಬಿತ್ತು, ತಳದಲ್ಲಿ ಪುಡಿ. ತಗಡಿನ ಡಬ್ಬ ಇಲಿಗೆ ಜಗ್ಗಲ್ಲ, ಆ ವಿಷಯದಲ್ಲಿ ಅದಕ್ಕೇ ಮೊದಲ ಸ್ಥಾನ, ಆದ್ರೆ ಮುಚ್ಚಳ ಬಿಗಿ ಇರಲ್ಲ, ಸುತ್ತ ಟೇಪ್ ಹಾಕ್ಬೇಕು. ಗಾಜಿನಲ್ಲಿ ಗಾಳಿ ತೂರಲ್ಲ, ರುಚಿ ಚೆನ್ನಾಗಿ ಉಳೀತು, ಆದ್ರೆ ಭಾರ, ಒಡೆಯೋ ಭಯ, ಬೆಳಕು ಬೀಳದ ಕಡೆ ಇಡ್ಬೇಕು.

ಮೈಲಾರ್ ಮತ್ತು ಪೆಟ್ ಬಾಟ್ಲಿ ಮಧ್ಯೆ ನಿಜವಾದ ಸ್ಪರ್ಧೆ. ಅಬ್ಸಾರ್ಬರ್ ಅಂದ್ರೆ ಸಣ್ಣ ಪೊಟ್ಟಣದಲ್ಲಿ ಕಬ್ಬಿಣದ ಪುಡಿ, ಅದು ತುಕ್ಕು ಹಿಡಿಯುವಾಗ ಚೀಲದೊಳಗಿನ ಆಮ್ಲಜನಕ ಹೀರ್ಕೊಳತ್ತೆ, ಹುಳಗಳೂ ಉಸಿರಿಲ್ಲದೆ ಸಾಯ್ತವೆ. ಸುಮಾರು 4 ಲೀಟರ್ ಹಿಡಿಯೋ ಚೀಲಕ್ಕೆ 300 ಸಿಸಿ (ಅಂದ್ರೆ ಅಷ್ಟು ಮಿಲಿಲೀಟರ್ ಆಮ್ಲಜನಕ ಹೀರೋ) ಪೊಟ್ಟಣ ಒಂದು ಸಾಕು. ಹತ್ತು ವರ್ಷದ ಮೇಲೆ ಇಡ್ಬೇಕು ಅಂದ್ರೆ ಇದಕ್ಕೆ ಸಾಟಿ ಇಲ್ಲ. ಆದ್ರೆ ಚೀಲಕ್ಕೆ ದುಡ್ಡು, ಪೊಟ್ಟಣಕ್ಕೆ ದುಡ್ಡು, ಸೀಲ್ ಮಾಡೋಕೆ ಇಸ್ತ್ರಿಪೆಟ್ಟಿಗೆ, ಪೊಟ್ಟಣಗಳ ಪ್ಯಾಕ್ ಒಡೆದ ಕೂಡ್ಲೇ ಬೇಗ ಬೇಗ ಕೆಲಸ ಮುಗಿಸ್ಬೇಕು, ಇಲಿ ಬಂದ್ರೆ ಒಂದೇ ಕಡಿತ, ಮತ್ತೆ ಒಂದ್ಸಲ ಕತ್ತರಿಸಿದ್ರೆ ಅಲ್ಲಿಗೆ ಮುಗೀತು. ಸಕ್ಕರೆ ಉಪ್ಪಿಗೆ ಈ ಪೊಟ್ಟಣ ಹಾಕ್ಲೇಬೇಡಿ, ಕಲ್ಲಾಗತ್ತೆ. ತೇವ ಇರೋ ಯಾವ ಪದಾರ್ಥಕ್ಕೂ ಹಾಕ್ಬೇಡಿ, ಆಮ್ಲಜನಕ ಇಲ್ಲದ ತೇವದ ಜಾಗದಲ್ಲಿ ಬಾಟ್ಯುಲಿಸಂ ಬ್ಯಾಕ್ಟೀರಿಯಾ ವಿಷ ಮಾಡತ್ತೆ, ಅದು ಜೀವಕ್ಕೆ ಅಪಾಯ, ತೇವಾಂಶ ನೂರಕ್ಕೆ ಹತ್ತಕ್ಕಿಂತ ಕಮ್ಮಿ ಇರೋ ಒಣ ಪದಾರ್ಥಕ್ಕೆ ಮಾತ್ರ ಅದು.

ಪೆಟ್ ಬಾಟ್ಲಿಗೆ ಖರ್ಚೇ ಇಲ್ಲ. ನೀರು ಕುಡಿದ ಬಾಟ್ಲಿ ತೊಳೆದು, ಬೋರಲು ಹಾಕಿ ಕೆಲವು ದಿನ ಪೂರ್ತಿ ಒಣಗಿಸಿ (ಮುಚ್ಚಳದ ಒಳಗೆ ಒಂದು ಹನಿ ಉಳಿದ್ರೂ ಬೂಷ್ಟು ಬರತ್ತೆ), ತಟ್ಟಿ ತಟ್ಟಿ ಕುತ್ತಿಗೆವರೆಗೂ ತುಂಬಿದ್ರೆ ಒಳಗೆ ಗಾಳಿಗೆ ಜಾಗ ಕಮ್ಮಿ ಆಗತ್ತೆ. ಒಳಗೇನಿದೆ ಕಾಣತ್ತೆ, ಹುಳ ಬಿದ್ರೆ ತಕ್ಷಣ ಗೊತ್ತಾಗತ್ತೆ, ಬಿದ್ರೂ ಹೋಗೋದು ಒಂದು ಬಾಟ್ಲಿ ಅಷ್ಟೇ, ಮೂಟೆಯಲ್ಲ. ಪ್ಲಾಸ್ಟಿಕ್ ಮೂಲಕ ನಿಧಾನಕ್ಕೆ ಗಾಳಿ ನುಸುಳತ್ತೆ, ಹಾಗಾಗಿ ಹತ್ತು ವರ್ಷದ ಮಾತಿಲ್ಲ, ಆದ್ರೆ ಒಂದೆರಡು ವರ್ಷದಲ್ಲಿ ತಿಂದು ಮುಗಿಸೋ ನಮ್ಮಂಥವ್ರಿಗೆ ಅಷ್ಟು ಸಾಕಲ್ವಾ? ನನ್ನ ವೋಟು ಬಾಟ್ಲಿಗೆ, ಮತ್ತೆ ಆ ಬಾಟ್ಲಿಗಳನ್ನ ತಗಡಿನ ಡಬ್ಬದೊಳಗೆ ನಿಲ್ಲಿಸಿದ್ರೆ ಇಲಿ ಕಾಟಾನೂ ಇಲ್ಲ, ಬೆಳಕೂ ಬೀಳಲ್ಲ. ಮೂಟೆ ರೇಟಿಗೆ ತಂದು ಬಾಟ್ಲಿಗೆ ಹಂಚೋದು, ಎರಡು ದಾರಿಯ ಲಾಭಾನೂ ಸಿಗತ್ತೆ.

ಹುಳದ ವಿಷಯ. ಅಕ್ಕಿಗೆ ಬೀಳೋ ಸೊಂಡಿಲಿನ ಹುಳ ಕಾಳಿಗೆ ತೂತು ಕೊರೆದು ಒಳಗೇ ಮೊಟ್ಟೆ ಇಟ್ಟು ಮುಚ್ಚಿಬಿಡತ್ತೆ, ಅದಕ್ಕೇ ಹೊಸದಾಗಿ ತಂದ ಅಕ್ಕಿ ಎಷ್ಟೇ ಕ್ಲೀನ್ ಕಂಡ್ರೂ ಒಂದು ತಿಂಗಳಾದ್ಮೇಲೆ ಇದ್ದಕ್ಕಿದ್ದಂಗೆ ಹುಳ ಕಾಣೋದು. ಬಿಸಿಲಿಗೆ ಹಾಕಿದ್ರೆ ದೊಡ್ಡ ಹುಳ ಓಡಿಹೋಗ್ತವೆ, ಒಳಗಿನ ಮೊಟ್ಟೆ ಎಲ್ಲಾ ಸಾಯತ್ತೆ ಅಂತ ಗ್ಯಾರಂಟಿ ಇಲ್ಲ. ವಾಸನೆ ಬರೋ ಎಲೆ ಹಾಕಿದ ಬಾಟ್ಲಿಗೂ ಹಾಕದ ಬಾಟ್ಲಿಗೂ ನನಗೆ ವ್ಯತ್ಯಾಸ ಕಾಣ್ಲಿಲ್ಲ. ಫ್ರೀಜರ್ ಮಾತ್ರ ಕೆಲಸ ಮಾಡ್ತು, ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವಾರ. ಹೊರಗೆ ತೆಗೆದ್ಮೇಲೆ ಪ್ಯಾಕೆಟ್ ಬಿಚ್ಚದೇ ಒಂದು ದಿನ ಹಂಗೇ ಬಿಡಿ, ತಣ್ಣಗಿರುವಾಗ ಬಿಚ್ಚಿದ್ರೆ ಗಾಳಿಯ ತೇವ ಅಕ್ಕಿ ಮೇಲೆ ಕೂರತ್ತೆ. ಫ್ರೀಜರ್ ಚಿಕ್ಕದಾದ್ರೆ ಎರಡೆರಡು ಕೆಜಿ ಸರದಿ ಪ್ರಕಾರ ಹಾಕಿ, ವಾರವಾರ ತರೋರಿಗೆ ಇದು ಸರಿಯಾಗಿ ಹೊಂದತ್ತೆ. ಮುಗ್ಗಲು ವಾಸನೆ ಬಂದ, ಬೂಷ್ಟು ಹಿಡಿದ ಕಾಳನ್ನ ತೊಳೆದು ಬೇಯಿಸ್ತೀನಿ ಅನ್ಬೇಡಿ, ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನೋ ಬೂಷ್ಟಿನ ವಿಷ ಇರಬಹುದು, ಅದು ಅಡುಗೆ ಬಿಸಿಗೆ ಹೋಗಲ್ಲ.

ಜಾಗ ಅಂದ್ರೆ, ಒಲೆ ಮೇಲಿನ ಅಟ್ಟಕ್ಕಿಂತ ಮಂಚದ ಕೆಳಗೆ ವಾಸಿ. ಬಿಸಿ ಐದಾರು ಡಿಗ್ರಿ ಕಮ್ಮಿ ಆದ್ರೆ ಬಾಳಿಕೆ ಹೆಚ್ಚುಕಮ್ಮಿ ದುಪ್ಪಟ್ಟು ಆಗತ್ತೆ ಅನ್ನೋದು ದಾಸ್ತಾನು ಮಾಡೋರ ಸಾಮಾನ್ಯ ಲೆಕ್ಕ. ನೆಲಕ್ಕೆ ನೇರವಾಗಿ ಇಡದೆ ಹಲಗೆ ಮೇಲೆ, ಗೋಡೆಗೆ ತಾಗದಂಗೆ.

ಟಿನ್ ಡಬ್ಬಿಯ ಬೇಯಿಸಿದ ಕಾಳು ಒಳ್ಳೇದಾ, ಒಣ ಕಾಳಾ? ದುಡ್ಡಿನ ಲೆಕ್ಕದಲ್ಲಿ ಒಣ ಕಾಳಿನ ಹತ್ರಾನೂ ಟಿನ್ ಬರಲ್ಲ. ಆದ್ರೆ ಒಣ ಕಾಳಿಗೆ ನೀರು ಬೇಕು, ಗ್ಯಾಸ್ ಬೇಕು, ಟೈಮ್ ಬೇಕು, ಬಿಸಿ ತೇವದಲ್ಲಿ ಹಳೇದಾದ ಕಾಳಂತೂ ಎಷ್ಟು ಬೇಯಿಸಿದ್ರೂ ಗಟ್ಟಿ, ನೆನೆಹಾಕೋ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದ್ರೆ ಸ್ವಲ್ಪ ಮೆತ್ತಗಾಗತ್ತೆ. ರಾಜ್ಮಾ ಥರದ ಕಾಳನ್ನ ಗ್ಯಾಸ್ ಉಳಿಸೋಕೆ ಅಂತ ಅರೆಬೆಂದದ್ದು ತಿನ್ಬೇಡಿ, ಅದರ ವಿಷದ ಅಂಶ ಹೋಗೋಕೆ ಕೊತಕೊತ ಕುದಿಯೋ ನೀರಲ್ಲಿ ಕನಿಷ್ಠ 10 ನಿಮಿಷ ಕುದಿಬೇಕು. ನನ್ನ ಕಪಾಟಲ್ಲಿ ಮೂರು ದಿನಕ್ಕಾಗೋಷ್ಟು ಟಿನ್, ಕರೆಂಟು ನೀರು ಎರಡೂ ಇಲ್ಲದ ದಿನಕ್ಕೆ, ಮಿಕ್ಕಿದ್ದೆಲ್ಲ ಒಣ ಕಾಳೇ. ಟೊಮೇಟೊ, ಅನಾನಸ್ ಥರದ ಹುಳಿ ಟಿನ್ನುಗಳು ಒಂದೂವರೆ ವರ್ಷದೊಳಗೆ, ಕಾಳು ಮೀನು ಥರದವು ಎರಡರಿಂದ ಐದು ವರ್ಷದೊಳಗೆ ಖಾಲಿ ಮಾಡಿ. ಉಬ್ಬಿದ, ಸೋರೋ ಡಬ್ಬಿಯನ್ನ ರುಚಿ ನೋಡದೇ ಎಸೀರಿ.

ನೀರನ್ನ ಸುಮಾರು ಜನ ಮರೀತಾರೆ. ಒಬ್ಬರಿಗೆ ದಿನಕ್ಕೆ 4 ಲೀಟರ್ ಅಂತ ಇಟ್ಕೊಳ್ಳಿ, ಕುಡಿಯೋಕೆ ಮತ್ತು ಅಡುಗೆಗೆ. ಅಂಗಡಿಯ ಸೀಲ್ ಬಾಟ್ಲಿ ನೆಮ್ಮದಿ, ನಾವೇ ತುಂಬಿದ್ದು ಬಿಟ್ಟಿ, ಆರು ತಿಂಗಳಿಗೊಮ್ಮೆ ಬದಲಾಯಿಸಿದ್ರೆ ಆಯ್ತು. ಹಾಲು ಜ್ಯೂಸ್ ಇದ್ದ ಬಾಟ್ಲಿ ಇದಕ್ಕೆ ಬೇಡ. ಅನುಮಾನ ಬಂದ್ರೆ ಒಂದು ನಿಮಿಷ ಜೋರಾಗಿ ಕುದಿಸಿ.

ಕೊನೆಯದಾಗಿ ಇಡೀ ಕಾಳಾ, ಒಡೆದ ಬೇಳೆನಾ. ಬೇಳೆ ಬೇಗ ಬೇಯತ್ತೆ, ಗ್ಯಾಸ್ ಉಳಿಯತ್ತೆ, ನೆನೆಹಾಕೋ ತಾಪತ್ರಯ ಇಲ್ಲ. ಇಡೀ ಕಾಳಿಂದ ಆಗೋದು ಬೇರೆ ಕೆಲಸ, ತರಕಾರಿ ಸಿಗದ ವಾರದಲ್ಲಿ ಬರೀ ನೀರು ಹಾಕಿ ಮೊಳಕೆ ಬರಿಸಿದ್ರೆ ಒಣ ಕಾಳಲ್ಲಿ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ ಇದ್ದ ವಿಟಮಿನ್ ಸಿ ಮೊಳಕೆಯಲ್ಲಿ ಸಿಗತ್ತೆ. ಒಡೆದ ಬೇಳೆ ಮೊಳೆಯಲ್ಲ. ಹಾಗಾಗಿ ಅರ್ಧ ಅರ್ಧ ಇಡ್ತೀನಿ. ಕಾಳು ಹಳೇದಾದಂಗೆ ಮೊಳೆಯೋ ಶಕ್ತಿ ಕಮ್ಮಿ ಆಗತ್ತೆ, ವರ್ಷಕ್ಕೊಂದು ಸಲ ಪ್ರತಿ ಬಾಟ್ಲಿಯಿಂದ ಒಂದು ಹಿಡಿ ನೆನೆಹಾಕಿ ನೋಡಿ, ಅರ್ಧದಷ್ಟೂ ಮೊಳೀಲಿಲ್ಲ ಅಂದ್ರೆ ಆ ಬಾಟ್ಲಿ ಸಾರಿಗೆ ಹೋಗ್ಲಿ, ಮೊಳಕೆಗೆ ಅಂತ ಹೊಸ ಕಾಳು ತುಂಬಿ ಮುಚ್ಚಳದ ಮೇಲೆ ತಾರೀಖು ಬರೀರಿ.