ಹಳೆಯ ಕಾರಿನ ಮಂಕು ಹೆಡ್‌ಲೈಟ್: ರಿಲೇ, ಬಲ್ಬು, ಎಲ್‌ಇಡಿ, ಪ್ರೊಜೆಕ್ಟರ್ ಒಂದರ ಪಕ್ಕ ಒಂದು

ಹತ್ತು ಹದಿನೈದು ವರ್ಷ ಓಡಿದ ಕಾರಿನ ದೀಪ ಮಂಕಾಯಿತು ಎಂದರೆ ಎಲ್ಲರೂ ಮೊದಲು ಬೈಯುವುದು ಬಲ್ಬನ್ನು. ಬಹುತೇಕ ಸಲ ಬಲ್ಬು ನಿರಪರಾಧಿ. ಅದರ ಹಿಂದಿರುವ ವೈರು, ಮುಂದಿರುವ ಪ್ಲಾಸ್ಟಿಕ್ಕು ಎರಡೂ ಸೇರಿ ಬೆಳಕನ್ನು ನುಂಗಿರುತ್ತವೆ. ಆ ಎರಡನ್ನು ಹಾಗೇ ಬಿಟ್ಟು ಎಲ್‌ಇಡಿ ಕೊಂಡವರು ದುಡ್ಡನ್ನೂ ಕಳೆದುಕೊಂಡು, ಎದುರಿನವರ ಬೈಗುಳವನ್ನೂ ತಿನ್ನುತ್ತಾರೆ.

ಇಲ್ಲಿನ ಹೋಲಿಕೆ ಎಚ್4 ಬಲ್ಬಿನ ಕಾರುಗಳದ್ದು: ಆಲ್ಟೊ, ಸ್ಯಾಂಟ್ರೊ, ಮೊದಲ ತಲೆಮಾರಿನ ಸ್ವಿಫ್ಟ್ ಈ ಜಾತಿಯವು. ಒಂದೇ ಬಲ್ಬಿನಲ್ಲಿ ಲೋ ಬೀಮ್, ಹೈ ಬೀಮ್ ಎರಡೂ. 12 ವೋಲ್ಟ್, 60/55 ವ್ಯಾಟ್. ನೋಡಿದ ಕ್ರಮ ಸರಳ. ಎಡಗಡೆ ಹಳೆಯದು, ಬಲಗಡೆ ಹೊಸದು ಹಾಕಿ, ಒಂದೊಂದನ್ನೇ ರಟ್ಟಿನಿಂದ ಮುಚ್ಚಿ ಗೋಡೆಯ ಮೇಲೆ ಬೀಳುವ ಬೆಳಕಿನ ಆಕಾರ ನೋಡುವುದು. ಆಮೇಲೆ ಬೀದಿದೀಪವಿಲ್ಲದ ರಸ್ತೆಯ ಎಡ ಅಂಚಿನಲ್ಲಿ ಕಪ್ಪು ಛತ್ರಿಯೊಂದನ್ನು ನಿಲ್ಲಿಸಿ, ಲೋ ಬೀಮ್‌ನಲ್ಲಿ ಎಷ್ಟು ಹೆಜ್ಜೆ ದೂರದಿಂದ ಕಾಣುತ್ತದೆ ಎಂದು ಅಳೆಯುವುದು. ಬೆಳಕು ಅಳೆಯುವ ಮೊಬೈಲಿನ ಲಕ್ಸ್ ಆ್ಯಪ್ ನಂಬಬೇಡಿ, ಛತ್ರಿ ಸುಳ್ಳು ಹೇಳುವುದಿಲ್ಲ. ರಿಫ್ಲೆಕ್ಟರ್ ಇಲ್ಲದ ಕಬ್ಬಿನ ಟ್ರ್ಯಾಲಿ, ಬಣ್ಣ ಬಳಿಯದ ಹಂಪ್ ಎಲ್ಲ ಕತ್ತಲಲ್ಲಿ ಆ ಛತ್ರಿಯ ಹಾಗೆಯೇ ಕಾಣುವುದು.

ಎಚ್4 ಕೆಲಸ ಮಾಡುವ ರೀತಿ ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಲೋ ಬೀಮ್‌ನ ಉರಿಯುವ ತಂತಿಯ (ಫಿಲಮೆಂಟಿನ) ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲಿದೆ. ಅದು ಕೆಳಕ್ಕೆ ಹೋಗುವ ಬೆಳಕನ್ನು ತಡೆಯುತ್ತದೆ. ಹಾಗಾಗಿ ಬಲ್ಬಿನ ಸುತ್ತಲಿನ ಕನ್ನಡಿಯಂಥ ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕೆ ಮಾತ್ರ ಬೆಳಕು ಬಿದ್ದು ರಸ್ತೆಗೆ ಇಳಿಯುತ್ತದೆ. ಬಟ್ಟಲಿನ ಒಂದು ಅಂಚು ಓರೆಯಾಗಿ ಕತ್ತರಿಸಿರುವುದರಿಂದಲೇ ನಮ್ಮಲ್ಲಿ ಎಡಬದಿಯ ಬೆಳಕು ಸ್ವಲ್ಪ ಮೇಲಕ್ಕೇರಿ, ರಸ್ತೆಯಂಚಿನಲ್ಲಿ ನಡೆಯುವವರು ಕಾಣುತ್ತಾರೆ. ತಂತಿಯ ಉದ್ದ ಐದು ಮಿ.ಮೀ. ಆಸುಪಾಸು. ಅದು ಒಂದು ಮಿ.ಮೀ. ಅತ್ತಿತ್ತ ಸರಿದರೂ ರಿಫ್ಲೆಕ್ಟರಿನ ಲೆಕ್ಕ ತಪ್ಪುತ್ತದೆ.

ಮೊದಲು ಗ್ಲಾಸು

‘ಗ್ಲಾಸು’ ಎಂದು ಕರೆದರೂ ಅದು ಪಾಲಿಕಾರ್ಬೊನೇಟ್. ಮೇಲಿನ ರಕ್ಷಣೆಯ ಪದರ ಬಿಸಿಲಿಗೆ ಸತ್ತ ಮೇಲೆ ಹಳದಿಯಾಗುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೊಳಪು ಬರುತ್ತದೆ ನಿಜ, ಆದರೆ ಕೆಲವೇ ವಾರ ಉಳಿಯುತ್ತದೆ. ಸರಿಯಾದ ಕೆಲಸವೆಂದರೆ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ, 800, 1500, 2000, 3000 ನಂಬರಿನ ವಾಟರ್ ಪೇಪರ್ ಇದೇ ಕ್ರಮದಲ್ಲಿ, ನೀರು ಬಿಡುತ್ತಲೇ ಉಜ್ಜುವುದು. ಪ್ರತಿ ಹಂತದಲ್ಲೂ ಹಿಂದಿನ ಪೇಪರಿನ ಗೀರು ಪೂರ್ತಿ ಹೋಗಬೇಕು. ಕೊನೆಗೆ ಪಾಲಿಶ್, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸುವುದು, ಅದರ ಮೇಲೆ ಯುವಿ ತಡೆಯುವ ಕ್ಲಿಯರ್ ಕೋಟ್. ಬಹಳ ಅಂಗಡಿಗಳು ಈ ಕೊನೆಯ ಹಂತ ಬಿಟ್ಟುಬಿಡುತ್ತವೆ, ಒಂದೆರಡು ಬೇಸಿಗೆಯೊಳಗೆ ಹಳದಿ ವಾಪಸ್ ಬರುವುದು ಅದಕ್ಕೇ.

ಒಳಗಿನ ರಿಫ್ಲೆಕ್ಟರ್ ಬೂದುಬಣ್ಣಕ್ಕೆ ತಿರುಗಿದ್ದರೆ ಇಷ್ಟೆಲ್ಲ ಉಜ್ಜಿಯೂ ಪ್ರಯೋಜನವಿಲ್ಲ, ಹೆಡ್‌ಲೈಟಿನ ಇಡೀ ಅಸೆಂಬ್ಲಿ ಬದಲಿಸಬೇಕು. ಬಟ್ಟೆ ಹಾಕಿ ಒರೆಸಲು ಹೋದರೆ ಅಲ್ಯೂಮಿನಿಯಂ ಲೇಪವೇ ಬಟ್ಟೆಗೆ ಬರುತ್ತದೆ.

ರಿಲೇ ಕಿಟ್: ಕಡಿಮೆ ದುಡ್ಡಿಗೆ ಹೆಚ್ಚು ಬೆಳಕು

ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ವಿದ್ಯುತ್ ಸ್ವಿಚ್ಚು. ಹಳೆಯ ಚಿಕ್ಕ ಕಾರುಗಳಲ್ಲಿ ದೀಪದ ಕರೆಂಟು ಬ್ಯಾಟರಿಯಿಂದ ಹೊರಟು ಸ್ಟೀರಿಂಗ್ ಪಕ್ಕದ ಸ್ವಿಚ್ಚಿನವರೆಗೆ ಬಂದು ಮತ್ತೆ ಮುಂದಕ್ಕೆ ಹೋಗುವುದುಂಟು. ಸಣ್ಣ ವೈರು, ಸವೆದ ಸ್ವಿಚ್ಚು, ಕಿಲುಬು ಹಿಡಿದ ಕಪ್ಲರ್ (ಬಲ್ಬಿನ ಹಿಂದೆ ಚುಚ್ಚುವ ಪ್ಲಗ್ಗು). ದಾರಿಯುದ್ದಕ್ಕೂ ವೋಲ್ಟೇಜು ಸೋರುತ್ತದೆ. ಹ್ಯಾಲೊಜನ್ ಬಲ್ಬಿನ (ಎಚ್4 ಈ ಬಗೆಯದು) ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಲ್ಲಿ ಏರಿಳಿಯುತ್ತದೆ. ಎಚ್4 ಬಲ್ಬಿಗೆ ಹೇಳುವ ಲೋ ಬೀಮ್ 1000 ಲುಮೆನ್ (ಬಲ್ಬು ಹೊರಸೂಸುವ ಒಟ್ಟು ಬೆಳಕಿನ ಅಳತೆ), ಹೈ ಬೀಮ್ 1650 ಲುಮೆನ್ ಎಲ್ಲ 13.2 ವೋಲ್ಟ್ ಸಿಕ್ಕಾಗ. ಬಲ್ಬಿನ ಬಾಯಿಗೆ ತಲುಪುವುದು 11.8 ಮಾತ್ರ ಎಂದಾದರೆ ಬೆಳಕು 68 ಶೇಕಡಕ್ಕೆ ಇಳಿದಿರುತ್ತದೆ. ಒಂದೂವರೆ ವೋಲ್ಟ್ ಕೂಡ ಹೋಗಿಲ್ಲ, ಬೆಳಕಿನಲ್ಲಿ ಮೂರನೇ ಒಂದು ಪಾಲು ಮಾಯ.

ಕಿಟ್ ಕೊಳ್ಳುವ ಮುಂಚೆ ಅಳೆಯಿರಿ. ಎಂಜಿನ್ ಚಾಲೂ, ಲೋ ಬೀಮ್ ಆನ್, ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ. ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕಡ್ಡಿ ಕಪ್ಲರಿನ ಹಿಂಬದಿಯಿಂದ ಬಲ್ಬಿನ ಪ್ಲಸ್ ಪಿನ್‌ಗೆ. ಆಗ ಕಾಣುವ ಅಂಕಿಯೇ ದಾರಿಯಲ್ಲಿ ಕಳೆದದ್ದು. ಬ್ಯಾಟರಿ ಮೈನಸ್‌ನಿಂದ ಬಲ್ಬಿನ ಅರ್ಥ್ (ಮೈನಸ್) ಪಿನ್‌ಗೂ ಹೀಗೇ ಮಾಡಿ, ಎರಡನ್ನೂ ಕೂಡಿಸಿ. ಅರ್ಧ ವೋಲ್ಟಿನ ಒಳಗಿದ್ದರೆ ನಿಮ್ಮ ವೈರಿಂಗ್ ಚೆನ್ನಾಗಿದೆ, ರಿಲೇಗೆ ದುಡ್ಡು ಹಾಕಬೇಡಿ. ಒಂದು ವೋಲ್ಟ್ ದಾಟಿದರೆ ಬೇರೆ ಏನನ್ನೂ ಯೋಚಿಸದೆ ಮೊದಲು ಇದನ್ನೇ ಮಾಡಿಸಿ.

ಬೇಕಾಗುವುದು 12 ವೋಲ್ಟ್, 30 ಅಥವಾ 40 ಆಂಪಿಯರಿನ ಎರಡು ರಿಲೇ (ಲೋಗೆ ಒಂದು, ಹೈಗೆ ಒಂದು), ಪಿಂಗಾಣಿಯ ಎಚ್4 ಹೋಲ್ಡರ್ ಎರಡು, 2.5 ಚದರ ಮಿ.ಮೀ. ತಾಮ್ರದ ವೈರು, ಫ್ಯೂಸ್ ಹೋಲ್ಡರು. ಒಂದು ಕಡೆಯ ಹಳೆಯ ಕಪ್ಲರ್ ಇನ್ನು ಮೇಲೆ ಬಲ್ಬಿಗಲ್ಲ, ರಿಲೇಯ 85, 86 ಪಿನ್‌ಗಳಿಗೆ. ಅಂದರೆ ಸ್ವಿಚ್ಚು ಹೊರುವುದು ರಿಲೇ ಕಾಯಿಲಿನ ಅತ್ತಿತ್ತ 0.2 ಆಂಪಿಯರ್ ಮಾತ್ರ. ಬ್ಯಾಟರಿಯಿಂದ ಫ್ಯೂಸ್ ಮೂಲಕ 30ಕ್ಕೆ, 87ರಿಂದ ಬಲ್ಬಿಗೆ. ಎರಡು ಲೋ ಬೀಮ್ ಸೇರಿ ಎಳೆಯುವುದು 9ರಿಂದ 10 ಆಂಪಿಯರ್. 15 ಆಂಪಿಯರ್ ಫ್ಯೂಸ್ ಸಾಕು. ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಕೂರಿಸಿ. ಅದರಾಚೆ ಕೂರಿಸಿದರೆ ಫ್ಯೂಸಿನವರೆಗಿನ ವೈರು ಕಾರಿನ ಲೋಹದ ಮೈಗೆ ತಾಗಿದ ದಿನ ಕಾಪಾಡಲು ಯಾರೂ ಇರುವುದಿಲ್ಲ. ರಿಲೇಯ ಪಿನ್‌ಗಳು ಕೆಳಮುಖವಾಗಿರಲಿ, ಮಳೆನೀರು ಒಳಗೆ ನಿಲ್ಲುವುದಿಲ್ಲ. ಅರ್ಥ್ ವೈರನ್ನು ಪೇಂಟಿನ ಮೇಲೆ ಬೋಲ್ಟ್ ಮಾಡುವುದು ಸಾಮಾನ್ಯ ತಪ್ಪು; ಪೇಂಟು ಕೆರೆದು ಬರಿ ಲೋಹಕ್ಕೆ ಕೊಡಿ.

ಒಂದು ಎಚ್ಚರಿಕೆ. ಜಪಾನಿ ವಿನ್ಯಾಸದ ಕೆಲವು ಹಳೆಯ ಗಾಡಿಗಳಲ್ಲಿ ಸ್ವಿಚ್ಚು ಮೈನಸ್ ಕಡೆ ಇರುತ್ತದೆ: ಪ್ಲಸ್ ಸದಾ ಬರುತ್ತಿರುತ್ತದೆ, ಡಿಮ್‌–ಡಿಪ್ ಆಗುವುದು ಅರ್ಥ್ ಬದಲಾಗಿ. ಅಂಥದ್ದಕ್ಕೆ ಸಿದ್ಧ ಕಿಟ್ ಚುಚ್ಚಿದರೆ ಕೆಲಸ ಮಾಡದು, ಇಲ್ಲವೇ ಹೈ ಬೀಮ್ ಸೂಚಕ ಅಸಂಬದ್ಧವಾಗಿ ಹತ್ತುತ್ತದೆ. ಕಪ್ಲರ್ ಬಿಚ್ಚಿ ಮೂರೂ ಪಿನ್ನಿನ ವೋಲ್ಟೇಜು ನೋಡಿದ ಮೇಲೆಯೇ ಕಿಟ್ ಆರಿಸಿ.

ರಿಲೇ ಹಾಕಿದ ಕಡೆ ಅದೇ ಹಳೆಯ ಬಲ್ಬು ಹಳದಿಯಿಂದ ಬೆಳ್ಳಗೆ ತಿರುಗುತ್ತದೆ. ಗೋಡೆಯ ಮೇಲಿನ ಆಕಾರ ಹಾಗೇ ಉಳಿದು ನಡುವಿನ ತೀಕ್ಷ್ಣ ಭಾಗ ಮಾತ್ರ ಪ್ರಖರವಾಗುತ್ತದೆ. ಎದುರಿನವರಿಗೆ ಹೊಸ ತೊಂದರೆ ಇಲ್ಲ. ಒಂದೇ ನಷ್ಟವೆಂದರೆ ಬಲ್ಬಿನ ಆಯುಷ್ಯ. ವೋಲ್ಟೇಜು 5 ಶೇಕಡ ಏರಿದರೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಹ್ಯಾಲೊಜನ್‌ನಲ್ಲೇ ಮೂರು ದಾರಿ

ವೈರಿಂಗ್ ಸರಿಯಾದ ಮೇಲೆ 60/55 ವ್ಯಾಟಿನಲ್ಲೇ ಹೆಚ್ಚು ಬೆಳಕಿನ ಬಲ್ಬುಗಳು ಸಿಗುತ್ತವೆ: ಆಸ್ರಾಮ್ ನೈಟ್ ಬ್ರೇಕರ್, ಫಿಲಿಪ್ಸ್ ಎಕ್ಸ್-ಟ್ರೀಮ್ ವಿಷನ್ ಈ ಬಗೆಯವು. ಡಬ್ಬದ ಮೇಲಿನ ‘130 ಶೇಕಡ ಹೆಚ್ಚು’ ಎಂಬುದು ರಸ್ತೆಯ ಆಯ್ದ ಬಿಂದುಗಳಲ್ಲಿನ ಲೆಕ್ಕ, ಒಟ್ಟು ಬೆಳಕು ಅಷ್ಟು ಏರುವುದಿಲ್ಲ. ತಂತಿಯನ್ನು ಬಿಗಿಯಾಗಿ ಸುತ್ತಿ ಹೆಚ್ಚು ಬಿಸಿಯಾಗಿ ಉರಿಸುವುದರಿಂದ ನಡುವಿನ ಬೆಳಕು ದೂರಕ್ಕೆ ಹೋಗುತ್ತದೆ, ಛತ್ರಿ ಬೇಗ ಕಾಣುತ್ತದೆ. ಬೇಗ ಸಾಯುವುದೂ ಅದೇ ಕಾರಣಕ್ಕೆ. ವಾರಕ್ಕೊಮ್ಮೆ ರಾತ್ರಿ ಊರಿಗೆ ಹೋಗುವವರಿಗೆ ಒಪ್ಪಿತ, ದಿನವೂ ರಾತ್ರಿಪಾಳಿ ಓಡಿಸುವವರಿಗೆ ದುಬಾರಿ.

ನೀಲಿ ಲೇಪದ ‘ವೈಟ್’ ಬಲ್ಬು ನೋಡಲಷ್ಟೇ ಚೆಂದ. ನೀಲಿ ಗಾಜು ಹಳದಿ, ಕೆಂಪು ಬೆಳಕನ್ನು ತಡೆದು ಬಿಳುಪು ತೋರಿಸುತ್ತದೆ, ಅಂದರೆ ಇದ್ದದ್ದನ್ನೂ ಕಳೆಯುತ್ತದೆ. ಒದ್ದೆ ಡಾಂಬರಿನ ಮೇಲೆ ಇದಕ್ಕಿಂತ ಸಾದಾ ಬಲ್ಬೇ ವಾಸಿ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳಿದರೆ ಸಿಗುವ 100/90 ವ್ಯಾಟ್ ಬಲ್ಬಿನ ಬೆಳಕು ಜೋರು, ಅದರಲ್ಲಿ ಅನುಮಾನವಿಲ್ಲ. ಆದರೆ ಹೈ ಬೀಮ್‌ನಲ್ಲಿ ಜೋಡಿಗೆ 17 ಆಂಪಿಯರ್ ಹತ್ತಿರ ಬೇಕು. ರಿಲೇ ಇಲ್ಲದೆ ಹಾಕಿದರೆ ಮೊದಲು ಕಪ್ಲರ್ ಕರಗುತ್ತದೆ, ಆಮೇಲೆ ಸ್ಟೀರಿಂಗಿನ ಸ್ವಿಚ್ಚು. ರಿಲೇ ಇದ್ದರೂ ಬಿಸಿಗೆ ಪ್ಲಾಸ್ಟಿಕ್ ರಿಫ್ಲೆಕ್ಟರ್ ಕಪ್ಪಾಗುತ್ತದೆ. ರ್‍ಯಾಲಿಗೆಂದು ಮಾಡಿದ್ದು, ಸಾರ್ವಜನಿಕ ರಸ್ತೆಗಲ್ಲ.

ಎಲ್‌ಇಡಿ: ಗೋಡೆಯ ಮೇಲೆ ಗೆದ್ದು ರಸ್ತೆಯಲ್ಲಿ ಸೋಲುವುದು

ಹಚ್ಚಿದ ಕ್ಷಣ ಎಲ್ಲರೂ ಮರುಳಾಗುವುದು ಇದಕ್ಕೇ. ಮುಂದಿನ ಹತ್ತು ಹದಿನೈದು ಮೀಟರು ಹಗಲಿನಂತೆ ಬೆಳಗುತ್ತದೆ. ಮೋಸ ಇರುವುದೂ ಅಲ್ಲೇ. ಹತ್ತಿರ ಅಷ್ಟು ಬೆಳಕಿದ್ದರೆ ಕಣ್ಣಿನ ಪಾಪೆ ಕಿರಿದಾಗಿ ದೂರದ ಕತ್ತಲು ಇನ್ನಷ್ಟು ಗಾಢವಾಗುತ್ತದೆ. ಛತ್ರಿಯ ಪರೀಕ್ಷೆಯಲ್ಲಿ ಅಗ್ಗದ ಎಲ್‌ಇಡಿ, ರಿಲೇ ಹಾಕಿದ ಸಾದಾ ಹ್ಯಾಲೊಜನ್‌ಗಿಂತ ಹಿಂದೆ ಬೀಳುತ್ತದೆ. ಹೈ ಬೀಮ್‌ನಲ್ಲಂತೂ ಬೆಳಕು ಹರಡಿಹೋಗಿ ದೂರಕ್ಕೆ ನಾಟುವುದೇ ಇಲ್ಲ.

ಕಾರಣ ಮೇಲೆ ಹೇಳಿದ ಆ ಐದು ಮಿ.ಮೀ. ತಂತಿ. ತಂತಿ ಸುತ್ತಲೂ ಬೆಳಗುತ್ತದೆ, ಎಲ್‌ಇಡಿ ಚಿಪ್ಪು ಎರಡು ಮಗ್ಗುಲಿಗೆ ಮಾತ್ರ. ಎರಡು ಚಿಪ್ಪಿನ ನಡುವಿನ ತಗಡು ದಪ್ಪಗಿದ್ದಷ್ಟೂ ಬೆಳಕಿನ ಮೂಲ ಕೇಂದ್ರದಿಂದ ಸರಿಯುತ್ತದೆ. ಹಾಕಲೇಬೇಕೆಂದರೆ ತೆಳು ತಗಡಿನದ್ದು, ಚಿಪ್ಪಿನ ಉದ್ದ ತಂತಿಯಷ್ಟೇ ಇರುವುದು, ಕೆಳಗೆ ಬಟ್ಟಲಿನಾಕಾರದ ತಡೆ ಇರುವುದು, ಬುಡದ ಕಾಲರ್ (ಬಲ್ಬನ್ನು ಕೂರಿಸುವ ಬಳೆ) ತಿರುಗಿಸಿ ಹೊಂದಿಸಬಹುದಾದದ್ದು ಆರಿಸಿ. ಚಿಪ್ಪುಗಳು ಗಡಿಯಾರದ ಮೂರು ಮತ್ತು ಒಂಬತ್ತರ ದಿಕ್ಕಿಗೆ ನಿಲ್ಲಬೇಕು. ಡಬ್ಬದ ಮೇಲೆ 20,000 ಲುಮೆನ್ ಎಂದಿದ್ದರೆ ವಾಪಸ್ ಇಡಿ. 40 ವ್ಯಾಟಿನ ಎಲ್‌ಇಡಿಯಿಂದ ಅಷ್ಟು ಬರಲು ಸಾಧ್ಯವೇ ಇಲ್ಲ.

ಇನ್ನೂ ಕೆಲವು ಕಿರಿಕಿರಿಗಳಿವೆ. ಬಲ್ಬಿನ ಹಿಂದಿರುವ ಫ್ಯಾನಿನಿಂದಾಗಿ, ಹೆಡ್‌ಲೈಟಿನ ಹಿಂಬದಿ ಮುಚ್ಚುವ ರಬ್ಬರ್ ಬೂಟ್ ಕೂರುವುದಿಲ್ಲ. ಅದನ್ನು ಕತ್ತರಿಸಿ ಬಿಟ್ಟರೆ ಮೊದಲ ಮಳೆಗೇ ಒಳಗೆ ಆವಿ ಕಟ್ಟುತ್ತದೆ. ಬಿಸಿಯಾದ ಮೇಲೆ ಬಲ್ಬಿನೊಳಗಿನ ಡ್ರೈವರ್ ಸರ್ಕಿಟ್ಟು ತಾನೇ ಕರೆಂಟು ತಗ್ಗಿಸುವುದರಿಂದ, ಅಂಗಡಿಯ ಮುಂದೆ ಕಂಡ ಬೆಳಕು ಅರ್ಧ ಗಂಟೆ ಓಡಿಸಿದ ಮೇಲೆ ಇರುವುದಿಲ್ಲ. ಕೆಲವು ಹಾಕಿದ ದಿನದಿಂದ ಎಫ್ಎಂ ಕರಕರ ಎನ್ನುತ್ತದೆ. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಬಣ್ಣದ ಅಳತೆಯಲ್ಲಿ 6000 ಕೆಲ್ವಿನ್‌ನ ಬಿಳಿ ಬೆಳಕು ಎದುರಿಗೆ ಬಿಳಿ ಪರದೆ ಕಟ್ಟಿದಂತೆ ಹಿಂದಕ್ಕೆ ಬಡಿಯುತ್ತದೆ.

ಎಚ್ಐಡಿ (ತಂತಿಯಿಲ್ಲದೆ, ಅನಿಲದಲ್ಲಿ ವಿದ್ಯುತ್ ಹಾಯಿಸಿ ಬೆಳಗುವ ಬಲ್ಬು) ಕಿಟ್ ಇದರ ಹಳೆಯ ಅಣ್ಣ. 35 ವ್ಯಾಟಿಗೆ ಸುಮಾರು 3000 ಲುಮೆನ್, ಆದರೆ ರಿಫ್ಲೆಕ್ಟರಿಗೆ ಹಾಕಿದರೆ, ಬೆಳಕು ಮೇಲಕ್ಕೇರದಂತೆ ಕತ್ತರಿಸುವ ಕಟ್‌ಆಫ್ ಗೆರೆಯೇ ಉಳಿಯುವುದಿಲ್ಲ. ಪೂರ್ತಿ ಬೆಳಗಲು ಕೆಲವು ಸೆಕೆಂಡು ಬೇಕು. ಬೇಡ.

ಪೊಲೀಸರ ವಿಷಯ ಮರೆಯುವಂತಿಲ್ಲ. ಕಂಪನಿ ಕೊಟ್ಟ ವಿನ್ಯಾಸ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ. ಕರ್ನಾಟಕದಲ್ಲಿ 2024ರ ಜುಲೈನಿಂದ ಕಣ್ಣು ಕುಕ್ಕುವ ದೀಪಗಳ ಮೇಲೆ ಪ್ರಕರಣ ದಾಖಲಿಸುವ ಕೆಲಸವೂ ಜೋರಾಯಿತು.

ಪ್ರೊಜೆಕ್ಟರ್

ಪ್ರೊಜೆಕ್ಟರ್ ಎಂದರೆ ಬೆಳಕನ್ನು ಒಂದು ಮಸೂರದ ಮೂಲಕ ಹಾಯಿಸಿ ರಸ್ತೆಗೆ ಬಿಡುವ ದೀಪ. ಹೆಚ್ಚು ಬೆಳಕನ್ನು ಎದುರಿನವರ ಕಣ್ಣಿಗೆ ಬೀಳಿಸದೆ ರಸ್ತೆಗೇ ಇಳಿಸುವುದು ಪ್ರೊಜೆಕ್ಟರಿಗೆ ಮಾತ್ರ ಸಾಧ್ಯ. ಗೋಡೆಯ ಮೇಲೆ ಚಾಕುವಿನಿಂದ ಕೊಯ್ದಂಥ ಗೆರೆ. ಖರ್ಚೂ ಕೆಲಸವೂ ಎಲ್ಲಕ್ಕಿಂತ ಹೆಚ್ಚು: ಹೆಡ್‌ಲೈಟನ್ನು ಬಿಸಿಮಾಡಿ ಅಂಟು ಮೆತ್ತಗಾಗಿಸಿ ಗ್ಲಾಸು ಬಿಡಿಸಬೇಕು, ರಿಫ್ಲೆಕ್ಟರ್ ಕೊರೆದು ಕೂರಿಸಬೇಕು, ಬ್ಯುಟೈಲ್ ಅಂಟಿನಿಂದ ಮತ್ತೆ ಮುಚ್ಚಬೇಕು. ಎರಡು ಕಡೆ ಎಡವುತ್ತಾರೆ. ಒಂದು, ಗೆರೆಗೆರೆ ಕೊರೆದ ಹಳೆಯ ಗ್ಲಾಸಿನ ಹಿಂದೆ ಪ್ರೊಜೆಕ್ಟರ್ ಹಾಕಿದರೆ ಆ ಗೆರೆಗಳು ಕಟ್‌ಆಫ್ ಅನ್ನು ಕದಡುತ್ತವೆ. ನುಣುಪಾದ ಗ್ಲಾಸೇ ಬೇಕು. ಇನ್ನೊಂದು, ಎಡಗಡೆ ಸ್ಟೀರಿಂಗಿನ ದೇಶಗಳಿಗೆ ಮಾಡಿದ್ದನ್ನು ಅಗ್ಗವೆಂದು ತಂದು ಕೂರಿಸುವುದು. ಅದರ ಏರುಗೆರೆ ಬಲಕ್ಕೆ, ಅಂದರೆ ನೇರ ಎದುರು ಲಾರಿಯವನ ಮುಖಕ್ಕೆ. ಕೊಳ್ಳುವಾಗಲೇ ಹಚ್ಚಿಸಿ, ಎಡಬದಿ ಏರುತ್ತದೆಯೇ ನೋಡಿ. ಇದಕ್ಕೂ 52ನೇ ಕಲಂ ಅನ್ವಯಿಸುತ್ತದೆ.

ಏನೇ ಹಾಕಿದರೂ ಗುರಿ ಹೊಂದಿಸಬೇಕು

ರಾತ್ರಿ ಕಾಣದು ಎನ್ನುವ ಎಷ್ಟೋ ಕಾರುಗಳ ದೀಪ ಬರೀ ನೆಲ ನೋಡುತ್ತಿರುತ್ತದೆ. ಸಮತಟ್ಟು ನೆಲ, ಟೈರಿನ ಗಾಳಿ ಸರಿ, ಡ್ರೈವರ್ ಸೀಟಿನಲ್ಲಿ ಒಬ್ಬರು, ಡ್ಯಾಶ್‌ಬೋರ್ಡಿನಲ್ಲಿ ಎತ್ತರ ಹೊಂದಿಸುವ ಗುಂಡಿ ಇದ್ದರೆ ಸೊನ್ನೆಗೆ. ಗೋಡೆಯಿಂದ 7.5 ಮೀಟರ್ ಹಿಂದೆ ನಿಲ್ಲಿಸಿ. ನೆಲದಿಂದ ಬಲ್ಬಿನ ನಡುವಿನವರೆಗಿನ ಎತ್ತರ ಅಳೆದು ಗೋಡೆಯ ಮೇಲೆ ಟೇಪ್ ಅಂಟಿಸಿ, ಅದರಿಂದ 7.5ರಿಂದ 10 ಸೆಂ.ಮೀ. ಕೆಳಗೆ ಇನ್ನೊಂದು. ಲೋ ಬೀಮ್‌ನ ಬಲಬದಿಯ ಸಮಗೆರೆ ಈ ಕೆಳಗಿನ ಟೇಪಿಗೆ ತಾಗಬೇಕು. ಓರೆ ಏರುವ ಮೂಲೆ ಬಲ್ಬಿನ ನೇರಕ್ಕೆ ಬರಬೇಕು. ಬಾನೆಟ್ ಒಳಗಿನ ಹಲ್ಲಿನ ಸ್ಕ್ರೂ ಅರ್ಧ ಸುತ್ತು ತಿರುಗಿದರೂ ಗೆರೆ ಎದ್ದು ಕಾಣುವಷ್ಟು ಸರಿಯುತ್ತದೆ, ನಿಧಾನ ಮಾಡಿ. ಹಳೆಯ ಅಸೆಂಬ್ಲಿಯಲ್ಲಿ ಸ್ಕ್ರೂ ತಿರುಗಿಯೂ ಗೆರೆ ಕದಲದಿದ್ದರೆ ಒಳಗಿನ ಪ್ಲಾಸ್ಟಿಕ್ ಬುಷ್ ಮುರಿದಿದೆ ಎಂದು ಲೆಕ್ಕ. ಅದನ್ನು ಬದಲಿಸದೆ ಯಾವ ಬಲ್ಬು ಹಾಕಿದರೂ ಪ್ರತಿ ಹಂಪಿಗೆ ದೀಪ ತಲೆಯಾಡಿಸುತ್ತದೆ.

ಬಲ್ಬಿನ ಗಾಜನ್ನು ಬರಿಗೈಲಿ ಮುಟ್ಟಬೇಡಿ, ಬೆರಳಿನ ಎಣ್ಣೆ ಕಾದು ಅಲ್ಲೇ ಸೀಳುತ್ತದೆ. ತೆಗೆದ ಹಳೆಯ ಬಲ್ಬು ಚೆನ್ನಾಗಿದ್ದರೆ ಅದರ ಡಬ್ಬದಲ್ಲೇ ಸುತ್ತಿ, ಒಂದು 15 ಆಂಪಿಯರ್ ಫ್ಯೂಸಿನ ಜೊತೆ ಗ್ಲೋವ್ ಬಾಕ್ಸಿನಲ್ಲಿಡಿ.